ಅಪ್ಪನ 400 ಕ್ಯಾಸೆಟ್: ಗುಜರಿಗೋ, ಅಟ್ಟಕ್ಕೋ?

ಕೇಳಿದ್ದು, ಹಾಸನದಿಂದ

ಎಲ್ಲರಿಗೂ ನಮಸ್ಕಾರ. ಅಪ್ಪ ಹೋಗಿ ಒಂದು ವರ್ಷವಾಯಿತು. ಹಳೇ ಮನೆ ಖಾಲಿ ಮಾಡುತ್ತಿದ್ದೇವೆ. ಅವರ ಬೀರುವಿನಲ್ಲಿ ಸುಮಾರು 400 ಕ್ಯಾಸೆಟ್, 150 ಸಿಡಿ, 40 ಎಲ್‌ಪಿ ರೆಕಾರ್ಡ್ ಇವೆ. ತಾತನ ಕಾಲದ ಹತ್ತು ಹನ್ನೆರಡು ಗ್ರಾಮಫೋನ್ ಪ್ಲೇಟೂ ಇವೆ. ಮಗ "ಅಮ್ಮಾ, ಇದೆಲ್ಲಾ ಫೋನಲ್ಲೇ ಸಿಗುತ್ತೆ, ಸುಮ್ನೆ ಯಾಕೆ ಹೊರಬೇಕು" ಅನ್ನುತ್ತಾನೆ. ಗುಜರಿಯವನು ಪ್ಲಾಸ್ಟಿಕ್ ರೇಟಿಗೆ ತೂಕಕ್ಕೆ ಹಾಕಿ ಅಂದ. ಹೊಸ ಮನೆಯಲ್ಲಿ ಇಡಲು ಜಾಗ ಕಡಿಮೆ. ಟೇಪ್ ರೆಕಾರ್ಡರ್ ಕೆಟ್ಟು ಕೂತಿದೆ. ಇಂಥ ಕೆಲಸ ಮಾಡಿದವರು ಇದ್ದರೆ ಏನು ಮಾಡಿದಿರಿ, ಏನು ಮಾಡಬಾರದಿತ್ತು ಅಂತ ಹೇಳಿ. ಮುಂದೆ ಇವಕ್ಕೆ ಏನಾದರೂ ಬೆಲೆ ಇರುತ್ತದಾ?

ಅರಸೀಕೆರೆಯಿಂದ

ನಾನು ಕೊಟ್ಟುಬಿಟ್ಟೆ ಅಕ್ಕ. ಎರಡು ಚೀಲ. ಸಿನಿಮಾ ಹಾಡು ಬೇಕಾದಾಗೆಲ್ಲ ಫೋನಲ್ಲಿ ಸಿಕ್ಕಿದೆ, ಅದಕ್ಕೆ ಬೇಜಾರಿಲ್ಲ. ಆದರೆ ಆ ಚೀಲದಲ್ಲಿ ತಂಗಿ ಮದುವೆಯಲ್ಲಿ ನಮ್ಮಜ್ಜಿ ಹೇಳಿದ ಸೋಬಾನೆ ಪದ ಇತ್ತು. ಡಬ್ಬಿ ಮೇಲೆ ಯಾವುದೋ ಸಿನಿಮಾ ಹೆಸರು. ಆವತ್ತು ಖಾಲಿ ಕ್ಯಾಸೆಟ್ ಇರಲಿಲ್ಲ ಅಂತ ಅದರ ಮೇಲೇ ರೆಕಾರ್ಡ್ ಮಾಡಿದ್ದರಂತೆ. ನನಗೆ ಗೊತ್ತಾಗಿದ್ದು ಆರು ತಿಂಗಳಾದ ಮೇಲೆ, ಅಮ್ಮ ಕೇಳಿದಾಗ. ಹೆಸರು ನೋಡಿ ಎಸೆಯಬೇಡಿ, ಅಷ್ಟೇ.

ಮೂಡಿಗೆರೆಯಿಂದ

ಮೇಡಂ, ಇದೇ ಕೆಲಸವನ್ನು ನಾನು ಎರಡು ವರ್ಷ ಮಾಡಿದ್ದೇನೆ. ನಮ್ಮ ದೊಡ್ಡಪ್ಪನ 260 ಕ್ಯಾಸೆಟ್. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ಮಗ ಹೇಳುವುದರಲ್ಲಿ ಅರ್ಧ ನಿಜ. ಕಂಪನಿಯವರು ಸಾವಿರಗಟ್ಟಲೆ ಪ್ರತಿ ಮಾಡಿ ಮಾರಿದ ಹಾಡು ನಿಮ್ಮ ಮನೆಯಿಂದ ಹೋದರೂ ಲೋಕದಿಂದ ಹೋಗುವುದಿಲ್ಲ. ಆದ್ದರಿಂದ ಹಾಡು ಚೆನ್ನಾಗಿದೆಯಾ ಅಂತ ನೋಡಿ ಆರಿಸಬೇಡಿ. ಇದು ಇನ್ನೆಲ್ಲಾದರೂ ಇದೆಯಾ ಅಂತ ನೋಡಿ ಆರಿಸಿ. ನಾನು ಮೊದಲ ಮೂರು ತಿಂಗಳು ಇದನ್ನೇ ತಪ್ಪು ಮಾಡಿದೆ. ನನಗೆ ಇಷ್ಟವಾದ ಸಿನಿಮಾ ಹಾಡುಗಳನ್ನೇ ಕೂತು ಕಂಪ್ಯೂಟರಿಗೆ ಹಾಕಿದೆ. ಎಲ್ಲಾ ಆದ ಮೇಲೆ ನೋಡಿದರೆ ಅವೆಲ್ಲ ಇದಕ್ಕಿಂತ ಒಳ್ಳೆ ಸೌಂಡಿನಲ್ಲಿ ಆನ್‌ಲೈನ್‌ನಲ್ಲೇ ಇದ್ದವು!

ಲೆಕ್ಕ ಹಾಕಿ ನೋಡಿ. 60 ನಿಮಿಷದ ಕ್ಯಾಸೆಟ್ ಕಂಪ್ಯೂಟರಿಗೆ ಹೋಗಲು 60 ನಿಮಿಷವೇ ಬೇಕು, ಅಡ್ಡದಾರಿ ಇಲ್ಲ. ದಿನಕ್ಕೊಂದರಂತೆ ಮಾಡಿದರೂ 400ಕ್ಕೆ ವರ್ಷದ ಮೇಲೆ ಒಂದು ತಿಂಗಳಾಗುತ್ತದೆ. ಹಾಗಾಗಿ ಮೊದಲು ವಿಂಗಡಣೆ.

ಅರಸೀಕೆರೆಯವರು ಹೇಳಿದ್ದಕ್ಕೆ ಒಂದು ಗುರುತು ಇದೆ. ಕ್ಯಾಸೆಟ್ಟಿನ ಬೆನ್ನ ಮೇಲೆ ಎರಡು ಮೂಲೆಯಲ್ಲಿ ಚಿಕ್ಕ ಪ್ಲಾಸ್ಟಿಕ್ ತುಂಡು ಇರುತ್ತದೆ. ಅದನ್ನು ಮುರಿದರೆ ಆ ಕ್ಯಾಸೆಟ್ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ಕಂಪನಿ ಕ್ಯಾಸೆಟ್‌ಗಳಲ್ಲಿ ಆ ತುಂಡು ಇರುವುದೇ ಇಲ್ಲ, ಬರೀ ತೂತು. ಆ ತೂತಿನ ಮೇಲೆ ಸೆಲ್ಲೋಟೇಪ್ ಅಂಟಿಸಿದ್ದರೆ ಅಥವಾ ಕಾಗದ ತುರುಕಿದ್ದರೆ, ಯಾರೋ ಅದರ ಮೇಲೆ ತಮ್ಮದೇನೋ ರೆಕಾರ್ಡ್ ಮಾಡಿದ್ದಾರೆ ಅಂತಲೇ ಅರ್ಥ. ಮೊದಲು ಅವನ್ನು ತೆಗೆದಿಡಿ. ಹಾಗೇ ಖಾಲಿ ಕ್ಯಾಸೆಟ್ ತಂದು ಮನೆಯಲ್ಲಿ ತುಂಬಿಸಿದವು. ಇದು ಮೊದಲನೇ ಗುಡ್ಡೆ. ಅಂಗಡಿಯಲ್ಲಿ ಚೀಟಿ ಕೊಟ್ಟು ಹಾಡು ತುಂಬಿಸಿಕೊಂಡವು ಬೇರೆ, ಅವಕ್ಕೆ ಅಷ್ಟು ಅವಸರ ಇಲ್ಲ.

ಎರಡನೇ ಗುಡ್ಡೆ ಸಣ್ಣ ಕಂಪನಿಗಳದ್ದು. ಹರಿಕಥೆ, ಊರ ದೇವರ ಹಾಡು, ತಾಳಮದ್ದಳೆ, ರಂಗಗೀತೆ. ಪ್ಲೇಟು ಮಾಡಲು ಕೋಲ್ಕತ್ತದ ಡಂಡಂನಂಥ ದೊಡ್ಡ ಫ್ಯಾಕ್ಟರಿ ಬೇಕಿತ್ತು. 1963ರಲ್ಲಿ ಫಿಲಿಪ್ಸ್‌ನವರು ತಂದ ಕ್ಯಾಸೆಟ್‌ಗೆ ಒಂದು ರೂಮು, ನಕಲು ಮಾಡುವ ಒಂದು ಮೆಷಿನ್ ಸಾಕಿತ್ತು. ಅದಕ್ಕೇ ಸಣ್ಣ ಊರಿನ ಭಾಗವತರ ದನಿಯೂ ಕ್ಯಾಸೆಟ್ ಆಯಿತು. 1978ರಲ್ಲಿ ನಿತ್ಯೋತ್ಸವ ಕ್ಯಾಸೆಟ್ ಬಂದ ಮೇಲೆ ಭಾವಗೀತೆ ಮನೆಮನೆಗೆ ಹೋಗಿದ್ದೂ ಹೀಗೇ ಅಲ್ವಾ. ಹೆಸರಾದ ಭಾವಗೀತೆಗಳು ಈಗ ಸಿಗುತ್ತವೆ. ಎಷ್ಟೋ ಸಣ್ಣ ಕಂಪನಿಗಳು ಮುಚ್ಚಿದವು, ಅವುಗಳ ಎಷ್ಟೋ ಹರಿಕಥೆ ಆನ್‌ಲೈನ್‌ಗೆ ಬರಲೇ ಇಲ್ಲ. ಉಳಿದದ್ದು ಬಿಡಿ, ಮೂರನೇ ಗುಡ್ಡೆ.

ದೊಡ್ಡಪ್ಪ ಊರ ಕುರುಕ್ಷೇತ್ರ ನಾಟಕದಲ್ಲಿ ದುರ್ಯೋಧನ. 1984ರಲ್ಲಿ ಯಾರೋ ಸ್ಟೇಜ್ ಪಕ್ಕ ಟೇಪ್ ರೆಕಾರ್ಡರ್ ಇಟ್ಟು ರೆಕಾರ್ಡ್ ಮಾಡಿದ್ದರು. ಆ ಕ್ಯಾಸೆಟ್ ಹಾಕಿದರೆ ದನಿ ಎಲ್ಲೋ ದೂರದಿಂದ ಬಂದಂತೆ, ಬಂದು ಬಂದು ಹೋಗುತ್ತಿತ್ತು. ನೋಡಿದರೆ ಟೇಪನ್ನು, ದನಿ ಓದುವ ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಉಣ್ಣೆ ಪ್ಯಾಡು ಗೋಂದು ಒಣಗಿ ಬಿದ್ದುಹೋಗಿದೆ. ಐದು ಸ್ಕ್ರೂ ಬಿಚ್ಚಿದೆ, ವಾಚ್ ರಿಪೇರಿಯವರ ಸ್ಕ್ರೂಡ್ರೈವರ್‌ನಲ್ಲಿ. ಮೂರನೇ ಗುಡ್ಡೆಯ ಒಂದು ಕ್ಯಾಸೆಟ್ ಬಿಚ್ಚಿ, ಅದರ ಪ್ಯಾಡನ್ನು ತಗಡಿನ ಸಮೇತ ಎತ್ತಿ ಇದಕ್ಕೆ ಕೂರಿಸಿದೆ. ಹಾಕಿದೆ. ಮೊದಲು ಬರೀ ಸುಯ್ ಅನ್ನುವ ಸದ್ದು. ಆಮೇಲೆ "ಹಲೋ ಹಲೋ ಮೈಕ್ ಟೆಸ್ಟಿಂಗ್". ಜನರೇಟರ್ ಸದ್ದು, ಮಗು ಅಳು, ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದರು. ದೊಡ್ಡಪ್ಪ ಕಂದಪದ್ಯ ಶುರು ಮಾಡಿದರು. ಅರ್ಧಕ್ಕೇ ನಿಲ್ಲಿಸಿ ಮೈಕಿನಲ್ಲಿ "ದುರ್ಯೋಧನನ ಪಾತ್ರಧಾರಿಗೆ ಅವರ ಭಾವಮೈದುನರಿಂದ ಐವತ್ತೊಂದು ರೂಪಾಯಿ ಮುಯ್ಯಿ". ಹೀಗೆ ಎರಡು ಗಂಟೆಯಲ್ಲಿ ನಲವತ್ತು ಹೆಸರು. ಅದರಲ್ಲಿ ಈಗ ಬದುಕಿರುವವರು ಆರು ಜನ. ದೊಡ್ಡಮ್ಮನಿಗೆ ನಾಟಕಕ್ಕಿಂತ ಆ ಮುಯ್ಯಿ ಪಟ್ಟಿಯೇ ಬೇಕಾಯಿತು. ಎರಡೆರಡು ಸಲ ಹಾಕಿಸಿಕೊಂಡು ಕೇಳಿದರು.

ಈಗ ನಾನು ಮಾಡಿದ ತಪ್ಪು. ಶುರುವಿನಲ್ಲಿ ಹತ್ತು ಕ್ಯಾಸೆಟ್ ಒಂದು ಅಂಗಡಿಗೆ ಕೊಟ್ಟೆ. ಅವರು "ಕ್ಲೀನ್ ಮಾಡಿಕೊಡ್ತೀವಿ" ಅಂತ ಸುಯ್ ಸದ್ದನ್ನೆಲ್ಲ ತೆಗೆದರು. ಅದರ ಜೊತೆ ಅರ್ಧ ಹಾರ್ಮೋನಿಯಂ ಕೂಡ ಹೋಯಿತು. ಹಂಡೆಯೊಳಗೆ ಕೂತು ನುಡಿಸಿದ ಹಾಗಿದೆ. ಪುಣ್ಯಕ್ಕೆ ಕ್ಯಾಸೆಟ್ ವಾಪಸ್ ತಂದಿದ್ದೆ, ಮತ್ತೆ ಮಾಡಿಕೊಂಡೆ. ಇದ್ದದ್ದು ಇದ್ದ ಹಾಗೆ ಒಂದು ಪ್ರತಿ ಇಟ್ಟುಕೊಳ್ಳಿ. ಸ್ವಚ್ಛ ಮಾಡುವುದು ಅದರ ನಕಲಿನ ಮೇಲೆ.

ಆಮೇಲೆ ಬೂಷ್ಟು. ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಟೇಪಿಗೆ ಬಿಡುತ್ತದಾ? ಸುತ್ತಿದ ಟೇಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದನ್ನು ಬೇರೆ ಇಡಿ. ಹಾಕಿದರೆ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಬಿಸಿಲಿಗೆ ಹಾಕಬೇಡಿ, ಡಬ್ಬಿ ಸೊಟ್ಟಗಾಗುತ್ತದೆ. ಗಾಳಿಯಾಡದ ಸ್ಟೀಲ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಕೆಲವು ದಿನ ಇಡಿ. ಆಮೇಲೆ ಬಾಗಿಲಾಚೆ ಕೂತು, ಮಾಸ್ಕ್ ಹಾಕಿಕೊಂಡು ಒಣ ಬ್ರಶ್ಶಿನಲ್ಲಿ ಉಜ್ಜಿ. ನಿಮ್ಮ ಹಾಸನದಲ್ಲಿ ಇಷ್ಟು ಕಷ್ಟ ಇರಲಾರದು.

ಹಾಕುವ ಮುಂಚೆ ಪ್ರತಿ ಕ್ಯಾಸೆಟ್ಟನ್ನೂ ಒಂದು ಸಲ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಓಡಿಸಿ. ವರ್ಷಗಟ್ಟಲೆ ಕೂತಿದ್ದು ಅಂಟಿಕೊಂಡಿರುತ್ತದೆ. ಹೆಡ್ಡನ್ನು ಹತ್ತಿಕಡ್ಡಿ, ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಟೇಪ್ ರೆಕಾರ್ಡರ್‌ನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ವೈರು, ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಉಚಿತ. ಲ್ಯಾಪ್‌ಟಾಪ್‌ನ ಮೈಕ್ ತೂತಿಗೆ ಹಾಕಿದರೆ ಬಹಳಷ್ಟು ಸಲ ಒಂದೇ ಕಿವಿಯ ದನಿ ಬರುತ್ತದೆ, ಎರಡೂ ಕಿವಿಯ ದನಿ ತೆಗೆದುಕೊಳ್ಳುವ ಯುಎಸ್‌ಬಿಯ ಚಿಕ್ಕ ಡಬ್ಬಿ ತಗೊಂಡರೆ ಒಳ್ಳೆಯದು. ಸಿಡಿ ಗುಣಮಟ್ಟದಲ್ಲಿ ಇಟ್ಟರೆ ನಿಮಿಷಕ್ಕೆ ಸುಮಾರು 10 ಎಂಬಿ. 400 ಗಂಟೆಯೂ ಸುಮಾರು 250 ಜಿಬಿಯಲ್ಲಿ ಮುಗಿಯುತ್ತದೆ, ದನಿ ಕೆಡದಂತೆ ಕುಗ್ಗಿಸುವ ಫ್ಲ್ಯಾಕ್ ಫೈಲ್ ಮಾಡಿದರೆ ಹತ್ತಿರ ಹತ್ತಿರ ಅದರ ಅರ್ಧ. ಎರಡು ಹಾರ್ಡ್ ಡಿಸ್ಕ್ ಕೊಂಡು ಎರಡು ಮನೆಯಲ್ಲಿ ಇಡಿ.

ಸಿಡಿಗೆ ಬರೆಸಬೇಡಿ. ನಮ್ಮ ಭಾವ 2006ರಲ್ಲಿ ತಮ್ಮ ಮನೆ ಕ್ಯಾಸೆಟ್ ಎಲ್ಲಾ ಸಿಡಿಗೆ ಬರೆಸಿ ಕ್ಯಾಸೆಟ್ ಎಸೆದರು. ಈಗ ಹನ್ನೆರಡರಲ್ಲಿ ಐದು ಓದುವುದಿಲ್ಲ. ಅಂಗಡಿಯಲ್ಲಿ ಕೊಂಡ ಹಾಡಿನ ಸಿಡಿ ಅಚ್ಚೊತ್ತಿದ್ದು, ತಡೆಯುತ್ತದೆ. ಮನೆಯಲ್ಲಿ ಬರೆಯುವ ಸಿಡಿ ಒಂದು ಬಣ್ಣದ ಪದರದ ಮೇಲೆ ನಿಂತಿದೆ, ಬೆಳಕು ಬಿಸಿಗೆ ಅದು ಹಾಳಾಗುತ್ತದೆ. 1984ರ ಟೇಪು ಹಾಡುತ್ತದೆ, 2006ರ ಸಿಡಿ ಹಾಡುವುದಿಲ್ಲ. ನೋಡಿ ಹೆಂಗಿದೆ!

ಬೇಲೂರಿನಿಂದ

ಪ್ಲೇಟುಗಳ ಬಗ್ಗೆ ಯಾರೂ ಹೇಳಲಿಲ್ಲ. ತಾತನ ಕಾಲದವು ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವವು ಇರಬೇಕು. ಅವನ್ನು ಅರಗು ಹಾಕಿ ಮಾಡಿದ್ದು. ಸ್ಪಿರಿಟ್ಟಿನಲ್ಲಿ ಒರೆಸಿದರೆ ಕರಗುತ್ತದೆ, ದಯವಿಟ್ಟು ಮುಟ್ಟಿಸಬೇಡಿ. ಬಿದ್ದರೆ ಹಪ್ಪಳ. ಎಲ್‌ಪಿ ಮುಳ್ಳಿನಲ್ಲಿ ಅವನ್ನು ಹಾಕಬೇಡಿ, ಗೀರು ಅಗಲ, ಬೇರೆ ಮುಳ್ಳು ಬೇಕು. ಎಲ್‌ಪಿಗಳನ್ನು ಒಂದರ ಮೇಲೊಂದು ಪೇರಿಸಿಡಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ.

ನಮ್ಮ ದೇಶದಲ್ಲಿ ಮೊದಲು ಪ್ಲೇಟಿಗೆ ಹಾಡಿದವರಲ್ಲಿ ಒಬ್ಬರು ಗೌಹರ್ ಜಾನ್, 1902ರಲ್ಲಿ, ಕಲ್ಕತ್ತದಲ್ಲಿ. ಕೊನೆಗಾಲದಲ್ಲಿ ಮೈಸೂರಿಗೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡರು. ಅವರ ದನಿ ಇವತ್ತೂ ಕೇಳಲು ಸಿಗುತ್ತದೆ ಅಂದರೆ ಯಾರೋ ಆ ಅರಗಿನ ಪ್ಲೇಟುಗಳನ್ನು ಒಡೆಯದಂತೆ ಇಟ್ಟುಕೊಂಡಿದ್ದಕ್ಕೆ.

ಬೆಲೆ ಕೇಳಿದ್ದೀರಿ. ಎಲ್‌ಪಿಗೆ ಇದೆ, ಕವರ್ ಚೆನ್ನಾಗಿದ್ದರೆ. ಅಮೆರಿಕದಲ್ಲಿ 2020ರಲ್ಲಿ ಎಲ್‌ಪಿ ಮಾರಾಟದ ಹಣ ಸಿಡಿಯನ್ನು ದಾಟಿತು, 1986ರ ನಂತರ ಅದೇ ಮೊದಲು. ಅದನ್ನು ಓದಿ ಲಕ್ಷ ಬರುತ್ತದೆ ಅಂದುಕೊಳ್ಳಬೇಡಿ. ಬೆಂಗಳೂರಿನ ಹಳೇ ಸಾಮಾನಿನ ವ್ಯಾಪಾರಿಗಳು ರಾಶಿಗೆ ಒಂದು ರೇಟು ಹೇಳಿ ಹೊತ್ತುಕೊಂಡು ಹೋಗುತ್ತಾರೆ. ನಾನು ಹಾಗೆ ಕೊಟ್ಟು ಕೆಟ್ಟೆ. ಬಿಡಿಬಿಡಿಯಾಗಿ, ಬೇಕಾದವರಿಗೆ ಕೊಡಿ.

ಚಿಕ್ಕಮಗಳೂರಿನಿಂದ

ಮುಂದೆ ಏನು ಅನ್ನುವುದಕ್ಕೆ ನನ್ನ ಕಥೆ ಕೇಳಿ. ನಾನು ಸುಗಮ ಸಂಗೀತ ಹಾಡುತ್ತೇನೆ. 2019ರಲ್ಲಿ ಸಾಲ ಮಾಡಿ 500 ಸಿಡಿ ಮಾಡಿಸಿದೆ. ಈಗಲೂ 300 ಮಂಚದ ಕೆಳಗಿವೆ. ಕಾರ್ಯಕ್ರಮದಲ್ಲಿ ಕೈಗೆ ಕೊಟ್ಟರೆ ಜನ ಹಿಂದೆ ಮುಂದೆ ತಿರುಗಿಸಿ "ಇದನ್ನು ಎಲ್ಲಿ ಹಾಕೋದು ಸರ್?" ಅಂತಾರೆ. ಲ್ಯಾಪ್‌ಟಾಪಲ್ಲಿ ಜಾಗ ಇಲ್ಲ, ಹೊಸ ಕಾರಲ್ಲೂ ಇಲ್ಲ.

ಆದರೂ 200 ಹೋದವಲ್ಲ, ಯಾರು ತಗೊಂಡರು? ಸಹಿ ಹಾಕಿಸಿಕೊಂಡವರು. ಒಬ್ಬರ ಮನೆಗೆ ಹೋದಾಗ ಶೋಕೇಸಿನಲ್ಲಿ ಇಟ್ಟಿದ್ದರು, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಹಾಡನ್ನು ಫೋನಲ್ಲಿ ಕೇಳಿದ್ದರು! ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಅರ್ಥವಾಯಿತು. ಕೇಳುವುದು ಫೋನಿನಲ್ಲಿ, ಇಟ್ಟುಕೊಳ್ಳುವುದು ಕೈಯಲ್ಲಿ. ಮುಂದೆ ಎಲ್‌ಪಿ ಸಿಡಿ ಉಳಿದರೆ ಹೀಗೆ ಉಳಿಯುತ್ತದೆ, ನೂರಿನ್ನೂರರ ಲೆಕ್ಕದಲ್ಲಿ.

ಆ್ಯಪ್ ನಂಬಿ ಎಲ್ಲಾ ಕೊಡಲು ಮಾತ್ರ ಹೋಗಬೇಡಿ ಮೇಡಂ. ನಾನು ಪಟ್ಟಿ ಮಾಡಿಟ್ಟುಕೊಂಡಿದ್ದ ಹಾಡುಗಳಲ್ಲಿ ನಾಲ್ಕು ಒಂದು ಬೆಳಿಗ್ಗೆ ಬೂದು ಬಣ್ಣಕ್ಕೆ ತಿರುಗಿದ್ದವು. ಒತ್ತಿದರೆ ಹಾಡುವುದಿಲ್ಲ. ಕಂಪನಿ ಕಂಪನಿಗಳ ಒಪ್ಪಂದ ಮುಗಿದರೆ ಹಾಗಾಗುತ್ತದೆ. ತಿಂಗಳಿಗೆ ದುಡ್ಡು ಕಟ್ಟುವುದು ಬಾಡಿಗೆ ಮನೆ ಇದ್ದ ಹಾಗೆ.

ಕಡೂರಿನಿಂದ

ನಮ್ಮ ಕಡೆ ಕ್ಯಾಸೆಟ್ ಸತ್ತಿಲ್ಲ, ಪೆನ್ ಡ್ರೈವ್ ಆಗಿದೆ ಅಷ್ಟೇ. ಜಾತ್ರೆಯಲ್ಲಿ ಜಾನಪದ ತುಂಬಿದ ಪೆನ್ ಡ್ರೈವ್ ತಗೊಂಡು ಟ್ರ್ಯಾಕ್ಟರ್‌ಗೆ ಹಾಕಿದರೆ ನೆಟ್‌ವರ್ಕ್ ಬೇಡ, ಏನೂ ಬೇಡ. ಮೊದಲು ಕ್ಯಾಸೆಟ್ ತುಂಬಿಸುತ್ತಿದ್ದವರೇ ಆಮೇಲೆ ಮೊಬೈಲ್ ಅಂಗಡಿ ಇಟ್ಟು ಮೆಮೊರಿ ಕಾರ್ಡ್ ತುಂಬಿಸಿದರು.

ಮತ್ತೆ ಹಾಸನದಿಂದ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಭಾನುವಾರ ನಾನು, ಮಗ ಇಬ್ಬರೂ ನೆಲದ ಮೇಲೆ ಹರಡಿಕೊಂಡು ಕೂತೆವು. ತೂತಿಗೆ ಸೆಲ್ಲೋಟೇಪ್ ಹಚ್ಚಿದ್ದು 23 ಸಿಕ್ಕಿದವು! ಹಳದಿಯಾಗಿ ಒಣಗಿ ಉದುರುತ್ತಿವೆ. ಮನೆಯಲ್ಲಿ ತುಂಬಿಸಿದವು 31. ಒಂದರ ಮೇಲೆ ಅಪ್ಪನ ಅಕ್ಷರದಲ್ಲಿ "ಪಾಪು, ಶಾಲೆ ಪದ್ಯ" ಅಂತಿದೆ. ಪಾಪು ಅಂದರೆ ನಾನೇ. ಮಗ ಈಗ ಗುಜರಿ ಮಾತು ಬಿಟ್ಟು "ಯಾವಾಗ ಹಾಕೋಣ" ಅಂತ ಪ್ರಾಣ ತಿನ್ನುತ್ತಿದ್ದಾನೆ. ಸಿನಿಮಾ ಹಾಡಿನವು ಪಕ್ಕಕ್ಕಿಟ್ಟಿದ್ದೇನೆ, ಯಾರಿಗಾದರೂ ಪ್ಯಾಡಿಗೆ ಬೇಕಾದರೆ ತಗೊಂಡು ಹೋಗಿ. ನಮ್ಮ ಟೇಪ್ ರೆಕಾರ್ಡರ್ ಬೆಲ್ಟು ಕರಗಿ ಡಾಂಬರಿನಂತಾಗಿದೆ. ಹಾಸನದಲ್ಲಿ ರಿಪೇರಿ ಮಾಡುವವರು ಯಾರಾದರೂ ಇದ್ದಾರಾ?

ಮೂಡಿಗೆರೆಯಿಂದ

ಶನಿವಾರ ಹಾಸನದಲ್ಲಿ ನನಗೆ ಕೆಲಸ ಇದೆ. ನನ್ನ ಕ್ಯಾಸೆಟ್ ಡೆಕ್ ತರುತ್ತೇನೆ, ಒಂದು ತಿಂಗಳು ಇಟ್ಟುಕೊಳ್ಳಿ. ರೆಕಾರ್ಡ್ ಗುಂಡಿ ಪ್ಲೇ ಗುಂಡಿಯ ಪಕ್ಕದಲ್ಲೇ ಇದೆ, ಹುಷಾರು. ಸೆಲ್ಲೋಟೇಪ್ ಎಲ್ಲಾ ಕಿತ್ತಿದ್ದೀರಲ್ಲ? ಪಾಪು ಕ್ಯಾಸೆಟ್ಟಿನ ಆ ತುಂಡು ಮುರಿದಿರಾ?

ಹಾಸನದಿಂದ

ಸೆಲ್ಲೋಟೇಪ್ ಕಿತ್ತಾಯಿತು. ಆ ತುಂಡು ಈಗಷ್ಟೇ ಮುರಿದೆ, ಎರಡೂ ಬದಿಯದ್ದು.