ಕ್ರೂಸ್ ಹಡಗಿನ ಜೂನಿಯರ್ ಸ್ವೀಟ್: ಹತ್ತುವ ದಿನವೇ ಏಕಾದಶಿ, ಊಟದ ವ್ಯವಸ್ಥೆ ಹೇಗೆ?

ಕುಂಜಿಬೆಟ್ಟಿನವಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಬೇಜಾರು ಮಾಡಬೇಡಿ.

ಅಪ್ಪ ಅಮ್ಮನ ಮದುವೆಯಾಗಿ 40 ವರ್ಷ ಆಯ್ತು. ಪಣಂಬೂರು ಬೀಚಿಗೆ ಹೋದಾಗ ಬಂದರಿನ ಕಡೆ ವಿದೇಶಿ ಪ್ರವಾಸಿ ಹಡಗು ಕಂಡರೆ ಸಾಕು, ಅಪ್ಪ ಅಲ್ಲಿಂದ ಕದಲುತ್ತಿರಲಿಲ್ಲ. "ಒಳಗೆ ಹೇಗಿರ್ತದೆ ನೋಡ್ಬೇಕಿತ್ತು" ಅಂತ ಪ್ರತಿ ಸಲ ಹೇಳುವುದು. ಅವರ ಇದುವರೆಗಿನ ಸಮುದ್ರಯಾನ ಅಂದರೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟಿನಲ್ಲಿ ಹೋಗಿದ್ದು, ಅಷ್ಟೇ. ಹಾಗಾಗಿ ನಾನೂ ತಮ್ಮನೂ ದುಡ್ಡು ಹಾಕಿ ಸಿಂಗಾಪುರದಿಂದ ಹೊರಡುವ ರಾಯಲ್ ಕೆರಿಬಿಯನ್ ಹಡಗಿನಲ್ಲಿ 4 ರಾತ್ರಿಗೆ ಬುಕ್ ಮಾಡಿದೆವು. ಹೋಗುವುದು ಅಪ್ಪ, ಅಮ್ಮ, ನಾನು. ರೂಮು ಜೂನಿಯರ್ ಸ್ವೀಟ್ (suite), ಅಂದರೆ ಸಾದಾ ರೂಮಿಗಿಂತ ದೊಡ್ಡದು. ಅಮ್ಮ ಕೇಳಿದ ಮೊದಲ ಪ್ರಶ್ನೆ: "ಸ್ವೀಟ್ ರೂಮಲ್ಲಿ ಅಪ್ಪನಿಗೆ ಶುಗರ್ ಜಾಸ್ತಿ ಆಗುದಿಲ್ವಾ?"

ಈಗ ತಲೆಬಿಸಿ. ಮಂಗಳೂರಿನ ಏಜೆಂಟ್ ಒಬ್ಬರು "ಸ್ವೀಟ್ ಅಂದ್ರೆ ಎಲ್ಲ ಉಂಟು ಮೇಡಂ. ಲಾಂಜ್, ಪ್ರತ್ಯೇಕ ರೆಸ್ಟೋರೆಂಟ್, ಮೂರು ಹೊತ್ತು ಊಟ" ಅಂದಿದ್ದರು. ಆ ರೆಸ್ಟೋರೆಂಟಿನ ಹೆಸರು ಕೋಸ್ಟಲ್ ಕಿಚನ್. ಮೊನ್ನೆ ನಾನೇ ಕೂತು ಓದಿದರೆ ಜೂನಿಯರ್ ಸ್ವೀಟ್‌ನವರಿಗೆ ಅಲ್ಲಿ ರಾತ್ರಿ ಊಟ ಮಾತ್ರ! ಏಜೆಂಟ್‌ಗೆ ಫೋನ್ ಮಾಡಿದರೆ "ಹೌದಾ ಮೇಡಂ?" ಅಂತ ನನ್ನನ್ನೇ ಕೇಳಿದರು.

ಇನ್ನೊಂದು ದೊಡ್ಡ ವಿಷಯ. ಹಡಗು ಹತ್ತುವ ದಿನ ಏಕಾದಶಿ. ಅಮ್ಮ ಮೊದಲೆಲ್ಲ ನೀರೂ ಕುಡಿಯುತ್ತಿರಲಿಲ್ಲ. ಈಗ ಡಾಕ್ಟರ್ ಬೈದ ಮೇಲೆ ಹಾಲು, ಹಣ್ಣು ತೆಗೆದುಕೊಳ್ಳುತ್ತಾರೆ. ಮರುದಿನ ದ್ವಾದಶಿ, ಬೆಳಿಗ್ಗೆ ಬೇಗ ಪಾರಣೆ ಆಗಬೇಕು. ಉಳಿದ ದಿನವೂ ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಅಪ್ಪನದು ಅಷ್ಟು ಕಟ್ಟುನಿಟ್ಟಿಲ್ಲ, ಆದರೆ ಮಧ್ಯಾಹ್ನ 12.30 ದಾಟಿದರೆ ಮನುಷ್ಯ ಮನುಷ್ಯನಾಗಿ ಉಳಿಯುವುದಿಲ್ಲ.

ಹತ್ತಿದ ದಿನ ಮಧ್ಯಾಹ್ನ ಊಟ ಎಲ್ಲಿ? ರೂಮು ಎಷ್ಟು ಹೊತ್ತಿಗೆ ಸಿಗುತ್ತದೆ? ರಾತ್ರಿ ಊಟಕ್ಕೆ ಅಪ್ಪ ಪಂಚೆ ಉಟ್ಟುಕೊಂಡು ಹೋಗಬಹುದಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಸುರತ್ಕಲ್ ಸುಮ್ನೆ:

ಇಷ್ಟು ದುಡ್ಡಿಗೆ ಇಲ್ಲಿಯೇ ಹಾಲ್ ಹಿಡಿದು ಇಡೀ ಊರಿಗೆ ಊಟ ಹಾಕಬಹುದಿತ್ತಲ್ಲ ಅಕ್ಕ. ಏಕಾದಶಿ ಅಲ್ಲದ ದಿನ.

ಕಲ್ಯಾಣಪುರದ ಹಡಗು ಮಾಮ:

ಸುರತ್ಕಲ್‌ನವರ ಮಾತು ಬಿಡಿ ಮಗಳೇ, ನೀನು ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗು.

ನಾನು 19 ವರ್ಷ ಹಡಗಿನ ಡೈನಿಂಗ್‌ನಲ್ಲಿದ್ದವನು, ಬೇರೆ ಬೇರೆ ಕಂಪನಿಗಳಲ್ಲಿ. ಅಸಿಸ್ಟೆಂಟ್ ವೇಟರ್ ಆಗಿ ಹತ್ತಿದೆ, ಹೆಡ್ ವೇಟರ್ ಆಗಿ ಇಳಿದೆ. ಈಗ ತೆಂಗಿನ ತೋಟ ನೋಡಿಕೊಂಡು ಇದ್ದೇನೆ, ಮಂಡಿ ನೋವು.

ಮೊದಲು ಆ ಹೆಸರಿನ ವಿಷಯ. ಕೋಸ್ಟಲ್ ಕಿಚನ್ ಅಂದ ಕೂಡಲೆ ನಮ್ಮವರಿಗೆ ಕೋರಿ ರೊಟ್ಟಿ, ನೀರುದೋಸೆ ಕಣ್ಣೆದುರು ಬರುತ್ತದೆ. ಅದು ಮೆಡಿಟರೇನಿಯನ್ ಮತ್ತು ಕ್ಯಾಲಿಫೋರ್ನಿಯಾ ಕರಾವಳಿಯ ಅಡುಗೆ, ನಮ್ಮ ಕರಾವಳಿ ಅಲ್ಲ. ಅಲ್ಲಿ ಬೆಳಿಗ್ಗೆ, ಮಧ್ಯಾಹ್ನವೂ ಊಟ ಇರುವುದು ಗ್ರ್ಯಾಂಡ್ ಸ್ವೀಟ್ ಮತ್ತು ಅದರ ಮೇಲಿನವರಿಗೆ. ಹತ್ತಿದ ದಿನದ ಮಧ್ಯಾಹ್ನವೂ ಅವರು ಅಲ್ಲಿ ಕೂತು ಉಣ್ಣಬಹುದು. ಲಾಂಜ್ ಕೂಡ ಅವರದೇ. ಜೂನಿಯರ್‌ನವರಿಗೆ ರಾತ್ರಿ ಮಾತ್ರ, ನೀನು ಓದಿದ್ದು ಸರಿ. ಏಜೆಂಟ್ ಹೇಳಿದ್ದು ಅವನ ಕನಸು.

ಹತ್ತುವ ದಿನ ಹಡಗಿನೊಳಗೆ ಏನು ನಡೆಯುತ್ತದೆ ಅಂತ ಗೊತ್ತಾದರೆ ಅರ್ಧ ಟೆನ್ಶನ್ ಹೋಗುತ್ತದೆ. ನಾವು ಅದನ್ನು ಟರ್ನ್‌ಅರೌಂಡ್ ದಿನ ಅನ್ನುತ್ತಿದ್ದೆವು. ಬೆಳಿಗ್ಗೆ ಸಾವಿರಾರು ಜನ ಇಳಿಯುತ್ತಾರೆ, ಅದೇ ಮಧ್ಯಾಹ್ನ ಅಷ್ಟೇ ಜನ ಹತ್ತುತ್ತಾರೆ. ನಡುವೆ ಸಿಗುವ ಮೂರ್ನಾಲ್ಕು ಗಂಟೆಯಲ್ಲಿ ಅಷ್ಟೂ ಹಾಸಿಗೆ ಬದಲಾಗಬೇಕು, ಬಾತ್‌ರೂಮ್ ತೊಳೆಯಬೇಕು, ಕೆಳಗೆ ಲಾರಿಗಳಿಂದ ತರಕಾರಿ, ಮೊಟ್ಟೆ, ಹಾಲು ಒಳಗೆ ಬರಬೇಕು. ನಮ್ಮಲ್ಲಿ ಮದುವೆ ಹಾಲ್‌ನಲ್ಲಿ ಒಂದು ಪಂಕ್ತಿ ಎದ್ದು ಎಲೆ ತೆಗೆಯುವ ಮೊದಲೇ ಮುಂದಿನ ಪಂಕ್ತಿ ಬಂದು ಬೆನ್ನ ಹಿಂದೆ ನಿಲ್ಲುತ್ತದಲ್ಲ, ಹಾಗೆ. ಅದಕ್ಕೇ ರೂಮು ಮಧ್ಯಾಹ್ನ 1 ಗಂಟೆ ಹೊತ್ತಿಗೆ ಸಿಗುವುದು. ದೊಡ್ಡ ಬ್ಯಾಗ್ ಟರ್ಮಿನಲ್‌ನಲ್ಲೇ ತೆಗೆದುಕೊಳ್ಳುತ್ತಾರೆ, ರೂಮಿನ ಬಾಗಿಲಿಗೆ ಬರುವಾಗ ಸಂಜೆ ಆದರೂ ಆಯ್ತು. ಮಾತ್ರೆ, ಕನ್ನಡಕ, ಅಮ್ಮನ ಪೂಜೆಯ ಸಾಮಾನು, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಕೆಟಲ್, ಇಸ್ತ್ರಿ ಪೆಟ್ಟಿಗೆ, ರೈಸ್ ಕುಕ್ಕರ್ ಬೇಡವೇ ಬೇಡ, ಬ್ಯಾಗ್ ಹಿಡಿದಿಡುತ್ತಾರೆ. ಪ್ಯಾಕೆಟ್ ಒಡೆಯದ ಅವಲಕ್ಕಿಗೆ ತೊಂದರೆ ಇಲ್ಲ.

ಮಧ್ಯಾಹ್ನ ಎಲ್ಲರೂ ಓಡುವುದು ಮೇಲಿನ ವಿಂಡ್‌ಜಾಮರ್‌ಗೆ, ಅದು ಬಫೆ. ಅಪ್ಪನಿಗೆ 12.30ರ ಒಳಗೆ ಅನ್ನ ಬೇಕಾದರೆ ಅಲ್ಲಿಗೇ ಹೋಗಿ, ಆದರೆ ಬೇಗ ಹತ್ತಿ. ಆ್ಯಪ್‌ನಲ್ಲಿ ಚೆಕ್-ಇನ್ ಸಮಯ ಆರಿಸುವಾಗಲೇ ಬೇಗದ ಸಮಯ ಹಿಡಿಯಿರಿ. ಗದ್ದಲ ಬೇಡ ಅನ್ನಿಸಿದರೆ, ನಿಮ್ಮದು ಆ ಕಂಪನಿಯ ಕ್ವಾಂಟಮ್ ವರ್ಗದ ಹಡಗಾದರೆ, ಟೂ70 ಅಂತ ದೊಡ್ಡ ಹಾಲ್ ಉಂಟು, ಅದರ ಕೆಫೆಯಲ್ಲಿ ಸ್ಯಾಂಡ್‌ವಿಚ್, ಸಲಾಡ್ ಸಿಗುತ್ತದೆ. ಅದಕ್ಕೂ ದುಡ್ಡಿಲ್ಲ. ಮೊದಲ ದಿನ ಹೊಸಬರಿಗೆ ಆ ಜಾಗ ಗೊತ್ತಿರುವುದಿಲ್ಲ.

ಇನ್ನು ಮುಖ್ಯ ವಿಷಯ. ಒಮ್ಮೆ ನನ್ನ ಟೇಬಲ್‌ಗೆ ಗುಜರಾತಿನ ಒಬ್ಬ ಅಜ್ಜ ಬಂದಿದ್ದರು. ಈರುಳ್ಳಿ ಬೇಡ ಅಂತ ಅವರ ಮಕ್ಕಳು ಬುಕಿಂಗ್‌ನಲ್ಲಿ ಬರೆಸಿದ್ದರು. ಆ ಕಾಗದ ಆಫೀಸಿನಿಂದ ನನ್ನ ಕೈಗೆ ಬಂದಿರಲಿಲ್ಲ. ನಾನು ದಾಲ್ ತಂದಿಟ್ಟೆ. ಅಜ್ಜ ಚಮಚ ಹಾಕಿ ಒಮ್ಮೆ ಕಲಕಿದರು. ಈರುಳ್ಳಿಯ ಒಂದು ಸಣ್ಣ ಚೂರು ಮೇಲೆ ಬಂತು. ಅವರು ಏನೂ ಹೇಳಲಿಲ್ಲ. ತಟ್ಟೆಯನ್ನು ಎರಡು ಬೆರಳಿನಿಂದ ಮೆಲ್ಲ ಆಚೆ ಸರಿಸಿ, ನೀರು ಕುಡಿದು, ಮನೆಯವರ ಊಟ ಮುಗಿಯುವವರೆಗೆ ನಗುತ್ತಾ ಕೂತರು. ಬೈದಿದ್ದರೆ ನನಗೆ ಅಷ್ಟು ಆಗುತ್ತಿರಲಿಲ್ಲ. ಆ ಮೇಲೆ ನಾನು ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೊಂಡೆ. ಹತ್ತಿದ ದಿನ ಮಧ್ಯಾಹ್ನವೇ ಟೇಬಲ್ ನಂಬರ್, ಯಾರಿಗೆ ಏನು ಬೇಡ, ಎಲ್ಲ ಬರೆದುಕೊಳ್ಳುವುದು.

ಆದ್ದರಿಂದ ಹೀಗೆ ಮಾಡು. ಒಂದೂವರೆ ತಿಂಗಳು ಮೊದಲೇ ಕಂಪನಿಗೆ ಬರೆದು ತಿಳಿಸು. ಸುಮ್ನೆ "ಜೈನ್ ಊಟ" ಅಂತ ಬರೆಸಬೇಡ, ಬಟಾಟೆ, ಕ್ಯಾರೆಟ್ ಕೂಡ ಹೋಗುತ್ತದೆ. "ಸಸ್ಯಾಹಾರ, ಮೊಟ್ಟೆ ಇಲ್ಲ, ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಬಟಾಟೆ ಆಗುತ್ತದೆ" ಅಂತ ಬಿಡಿಸಿ ಬರೆ. ಆಮೇಲೆ ಹತ್ತಿದ ದಿನ ಮಧ್ಯಾಹ್ನ, ಅಪ್ಪ ಉಣ್ಣುವ ಹೊತ್ತಿಗೆ ನೀನು ಕೆಳಗೆ ಎಲ್ಲರೂ ಉಣ್ಣುವ ದೊಡ್ಡ ಡೈನಿಂಗ್ ರೂಮಿನ ಬಾಗಿಲಿಗೆ ಹೋಗಿ ಹೆಡ್ ವೇಟರ್ ಯಾರು ಅಂತ ಕೇಳು. ಅಮ್ಮನ ವಿಷಯ ಬಾಯಲ್ಲಿ ಹೇಳು. ನಾಳೆಯ ಮೆನು ಇವತ್ತು ರಾತ್ರಿಯೇ ತೋರಿಸಿ ಅಂತ ಕೇಳು. ಅದು ಹೊಸ ಬೇಡಿಕೆ ಅಲ್ಲ, ವಿಶೇಷ ಊಟದವರಿಗೆ ನಾವು ಹಾಗೆಯೇ ಮಾಡುತ್ತಿದ್ದೆವು. ರಾತ್ರಿಯೇ ಗೊತ್ತಾದರೆ ಅಡುಗೆಮನೆಯಲ್ಲಿ ಒಗ್ಗರಣೆಗೆ ಈರುಳ್ಳಿ ಬೀಳುವ ಮೊದಲು ಒಂದು ಪಾತ್ರೆ ಪಕ್ಕಕ್ಕೆ ತೆಗೆದಿಡಬಹುದು. ಟೇಬಲ್‌ನಲ್ಲಿ ಕೂತ ಮೇಲೆ ಹೇಳಿದರೆ ಆಗುವುದು ಬೇಯಿಸಿದ ತರಕಾರಿ ಮಾತ್ರ.

ಪಂಚೆಗೆ ಏನೂ ತೊಂದರೆ ಇಲ್ಲ. ರಾತ್ರಿ ಊಟಕ್ಕೆ ಬೇಡ ಅನ್ನುವುದು ಚಡ್ಡಿ, ಬನಿಯನ್, ಈಜು ಬಟ್ಟೆ. ಎಲ್ಲರೂ ಚೆಂದ ಮಾಡಿಕೊಂಡು ಬರುವ ಒಂದು ರಾತ್ರಿ ಇರುತ್ತದೆ. ಆ ದಿನ ಜರಿ ಪಂಚೆ, ಶಲ್ಯ ಹಾಕಿಸು. ಕೋಟು ಹಾಕಿದವರೆಲ್ಲ ಫೋಟೋ ಕೇಳಿಕೊಂಡು ಬರುತ್ತಾರೆ ನೋಡು.

ಮಣಿಪಾಲ್ ಮಳೆ:

ಮಾಮ ಹೇಳಿದ್ದಕ್ಕೆ ಒಂದೆರಡು ಸೇರಿಸುತ್ತೇನೆ. ನಾವು ಕಳೆದ ವರ್ಷ ಸಿಂಗಾಪುರದಿಂದಲೇ ಹೋಗಿದ್ದೆವು.

ಸಿಂಗಾಪುರದಲ್ಲಿ ಹಡಗಿನ ಟರ್ಮಿನಲ್ ಎರಡು ಉಂಟು, ಹಾರ್ಬರ್‌ಫ್ರಂಟ್ ಮತ್ತು ಮರೀನಾ ಬೇ. ಟ್ಯಾಕ್ಸಿಯವರಿಗೆ ಬರೀ "ಕ್ರೂಸ್ ಸೆಂಟರ್" ಅಂದರೆ ಕಷ್ಟ. ಟಿಕೆಟ್‌ನಲ್ಲಿ ಇದ್ದ ಹೆಸರು ತೋರಿಸಿ. ಹಿಂದಿನ ದಿನವೇ ಸಿಂಗಾಪುರ ತಲುಪಿ, ಅದೇ ದಿನದ ವಿಮಾನ ನಂಬಿ ಕೂರಬೇಡಿ. ಹಡಗು ಇಳಿದು ಮತ್ತೆ ಸಿಂಗಾಪುರದ ಒಳಗೆ ಬರಬೇಕಲ್ಲ, ಆದ್ದರಿಂದ ವೀಸಾ ಒಂದಕ್ಕಿಂತ ಹೆಚ್ಚು ಸಲದ ಪ್ರವೇಶಕ್ಕೆ ಇದೆಯಾ ನೋಡಿ. ಅವರ ಅರೈವಲ್ ಕಾರ್ಡ್ ಕೂಡ ಎರಡು ಸಲ ಆನ್‌ಲೈನ್‌ನಲ್ಲಿ ತುಂಬಬೇಕು.

ಮತ್ತೆ, ಹತ್ತಿದ ಕೂಡಲೆ ಮಸ್ಟರ್ ಮುಗಿಸಿ. 2012ರಲ್ಲಿ ಇಟಲಿಯಲ್ಲಿ ಕೋಸ್ಟಾ ಕಾನ್‌ಕಾರ್ಡಿಯಾ ಬಂಡೆಗೆ ಬಡಿದು ವಾಲಿತಲ್ಲ, ಆಮೇಲೆ ಹಡಗು ಹೊರಡುವ ಮೊದಲೇ ಈ ಸುರಕ್ಷತೆಯ ಪಾಠ ಆಗಲೇಬೇಕು. ಈಗ ಮೊಬೈಲ್‌ನಲ್ಲಿ ವಿಡಿಯೋ ನೋಡಿ, ನಮಗೆ ಹೇಳಿದ ಜಾಗಕ್ಕೆ ಹೋಗಿ ಕಾರ್ಡ್ ತೋರಿಸಿದರೆ ಆಯ್ತು. ಬಿಟ್ಟರೆ ಊಟದ ಮಧ್ಯೆ ಹೆಸರು ಕೂಗುತ್ತಾರೆ.

ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. "ಸ್ವೀಟ್‌ನವರಿಗೆ ಮಾತ್ರ" ಅಂತ ಬೋರ್ಡ್ ಇದೆ ಅಂತ ನಾಲ್ಕೂ ರಾತ್ರಿ ಕೋಸ್ಟಲ್ ಕಿಚನ್‌ಗೆ ಹೋಗಬೇಡಿ. ಜಾಗ ಸಣ್ಣದು, ಶಾಂತ, ಎಲ್ಲ ಸರಿ. ಆದರೆ ನಮ್ಮ ಊಟ ಬೇಕಾದರೆ ದೊಡ್ಡ ಡೈನಿಂಗ್ ರೂಮೇ ಒಳ್ಳೆಯದು. ನಮ್ಮ ಅತ್ತೆಗೆ ಅಲ್ಲಿ ದಾಲ್, ಅನ್ನ, ಎರಡು ಪಲ್ಯ, ಹಪ್ಪಳ ದಿನಾ ಸಿಕ್ಕಿತು. ಒಂದು ರಾತ್ರಿ ಸ್ವೀಟ್‌ನವರ ಜಾಗಕ್ಕೆ ಹೋಗಿ ಫೋಟೋ ತೆಗೆಯಿರಿ, ಸಾಕು.

ರಥಬೀದಿ ರಾಯರು:

ತಂಗಿ, ಪಾರಣೆಯ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಊರಿನ ಪಂಚಾಂಗದ ಗಂಟೆ ಹಿಡಿದು ಅಮ್ಮನನ್ನು ನಾಲ್ಕು ಗಂಟೆಗೆ ಎಬ್ಬಿಸಬೇಡ. ನೀವು ಇರುವ ಜಾಗದ ಸೂರ್ಯೋದಯವೇ ಲೆಕ್ಕ. ಸಿಂಗಾಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಆದರೆ ಅಲ್ಲಿ ಸೂರ್ಯ ಹುಟ್ಟುವಾಗ ಗಡಿಯಾರದಲ್ಲಿ ಸುಮಾರು 7 ಗಂಟೆ ಆಗಿರುತ್ತದೆ, ವರ್ಷವಿಡೀ ಹೆಚ್ಚು ಕಡಿಮೆ ಹಾಗೆಯೇ. ಮಲೇಷ್ಯಾದ ಗಡಿಯಾರವೂ ಅದೇ. ಹಾಗಾಗಿ ಗಡಿಬಿಡಿ ಇಲ್ಲ. ದ್ವಾದಶಿ ಎಷ್ಟು ಹೊತ್ತಿನವರೆಗೆ ಉಂಟು ಅಂತ ಮಾತ್ರ ಹೊರಡುವ ಮೊದಲು ನಿಮ್ಮ ಪುರೋಹಿತರ ಹತ್ತಿರ ಆ ಊರಿನ ಲೆಕ್ಕದಲ್ಲಿ ಕೇಳಿ ಬರೆದುಕೊಳ್ಳಿ.

ಕಲ್ಯಾಣಪುರದ ಹಡಗು ಮಾಮ:

ರಾಯರೇ, ಇದು ನನಗೂ ಹೊಸತು. 7 ಗಂಟೆಯಾದರೆ ಸುಲಭ. ಹಿಂದಿನ ರಾತ್ರಿಯೇ ರೂಮ್ ಸರ್ವಿಸ್‌ಗೆ ಹೇಳಿಡಿ. ಬೆಳಗ್ಗಿನ ಸಾದಾ ತಿಂಡಿ, ಅಂದರೆ ಬ್ರೆಡ್, ಹಣ್ಣು, ಮೊಸರು, ಹಾಲು ರೂಮಿಗೆ ತರಲು ದುಡ್ಡು ತೆಗೆದುಕೊಳ್ಳುವುದಿಲ್ಲ. ಬಿಸಿ ತಿಂಡಿ ಹೇಳಿದರೆ ಮಾತ್ರ ಚಾರ್ಜ್. ನಿಮ್ಮದು ಹೇಗೂ ಅವಲಕ್ಕಿ ಉಂಟಲ್ಲ.

ನಮ್ಮ ಕ್ರೈಸ್ತರ ತಪಸ್ಸು ಕಾಲದ, ಅಂದರೆ ಈಸ್ಟರ್‌ಗೆ ಮೊದಲಿನ ಉಪವಾಸದ ದಿನಗಳ ಶುಕ್ರವಾರಗಳಲ್ಲಿ ನಾನೂ ಹಡಗಿನಲ್ಲಿ ಮೀನು ಸಾರಿಲ್ಲದೆ, ಮಾಂಸ ಇಲ್ಲದೆ ಮೊಸರನ್ನ ತಿಂದವನೇ. ಸುತ್ತ ನೂರು ಬಗೆ ಇಟ್ಟುಕೊಂಡು ಬಿಡುವುದು ಮನೆಯಲ್ಲಿ ಬಿಟ್ಟಷ್ಟು ಸುಲಭ ಅಲ್ಲ. ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ಕುಂಜಿಬೆಟ್ಟಿನವಳು:

ಹೋಗಿ ಬಂದೆವು! ಬಂದು ಒಂದು ವಾರ ಆಯ್ತು, ಬರೆಯಲು ತಡ ಆಯ್ತು.

11.30ಕ್ಕೆ ಹಡಗಿನೊಳಗೆ ಇದ್ದೆವು. ಅಪ್ಪ 12.10ಕ್ಕೆ ವಿಂಡ್‌ಜಾಮರ್‌ನಲ್ಲಿ ಅನ್ನದ ಮುಂದೆ. ಅಮ್ಮ ಪಕ್ಕದಲ್ಲಿ ಒಂದು ಬಾಳೆಹಣ್ಣು ಹಿಡಿದುಕೊಂಡು, ಬಂದವರ ತಟ್ಟೆಗಳನ್ನೆಲ್ಲ ಆರಾಮವಾಗಿ ನೋಡುತ್ತಾ ಕೂತಿದ್ದರು. "ಎಷ್ಟು ಹಾಕಿಕೊಳ್ತಾರೆ, ಎಷ್ಟು ಬಿಡ್ತಾರೆ" ಅಂತ ಲೆಕ್ಕ. ನಾನು ಅಷ್ಟರಲ್ಲಿ ಕೆಳಗೆ ಓಡಿ ಹೆಡ್ ವೇಟರ್‌ನನ್ನು ಹಿಡಿದೆ. ಗೋವಾದವರು. ನಾನು ಮೂರು ವಾಕ್ಯ ಹೇಳುವಷ್ಟರಲ್ಲಿ ಅವರು ಜೇಬಿನಿಂದ ಸಣ್ಣ ಪುಸ್ತಕ ತೆಗೆದರು. ಮಾಮ, ನನಗೆ ನಗು ತಡೆಯಲಿಲ್ಲ. ಯಾಕೆ ನಗುತ್ತೀರಿ ಅಂತ ಕೇಳಿದರು, ನಿಮ್ಮ ಕಥೆ ಹೇಳಿದೆ.

ಸಂಜೆ ಎರಡು ಬ್ಯಾಗ್ ಬಂತು, ಮೂರನೆಯದು ಬರಲಿಲ್ಲ. ವಿಚಾರಿಸಿದರೆ ಸೆಕ್ಯುರಿಟಿಯ ಹತ್ತಿರ ಉಂಟು. ಅಮ್ಮ ನನಗೆ ಹೇಳದೆ ಸೀರೆಗಳ ನಡುವೆ ಕೆಟಲ್ ಸುತ್ತಿಟ್ಟಿದ್ದರು! ಅಲ್ಲಿಯ ಹುಡುಗ ಅದನ್ನು ಎತ್ತಿ ತೋರಿಸುವಾಗ ಅಮ್ಮ ನನ್ನ ಮುಖ ನೋಡಿ "ಇದು ಯಾರದ್ದು?" ಅಂದರು. ಚೀಟಿ ಕೊಟ್ಟು ಇಟ್ಟುಕೊಂಡರು, ಇಳಿಯುವ ದಿನ ವಾಪಸ್ ಸಿಕ್ಕಿತು.

ದ್ವಾದಶಿ ಬೆಳಿಗ್ಗೆ 7ಕ್ಕೆ ಸರಿಯಾಗಿ ಬಾಗಿಲು ತಟ್ಟಿದರು. ಹಾಲು, ಹಣ್ಣು ಸರಿ ಇತ್ತು. ಮೊಸರಿನ ಮುಚ್ಚಳ ತೆಗೆದರೆ ಗುಲಾಬಿ ಬಣ್ಣ. ಸ್ಟ್ರಾಬೆರಿ ಮೊಸರು! ನಾನು "ಸಾದಾ" ಅಂತ ಹೇಳಲು ಮರೆತಿದ್ದೆ. ಫೋನ್ ಮಾಡಿ ಹತ್ತು ನಿಮಿಷದಲ್ಲಿ ಬೇರೆ ತರಿಸಿದೆ. ಅಮ್ಮ ಬಾಲ್ಕನಿಯಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂತು, ತೀರ್ಥ ತೆಗೆದುಕೊಂಡು, ಹಡಗಿನ ಸೂಪ್ ಬಟ್ಟಲಲ್ಲಿ ಅವಲಕ್ಕಿ ಮೊಸರು ಕಲಸಿ ಪಾರಣೆ ಮಾಡಿದರು. ಗಾಳಿಗೆ ಅವಲಕ್ಕಿ ಹಾರದ ಹಾಗೆ ಎಡಗೈ ಅಡ್ಡ ಹಿಡಿದಿದ್ದರು. ಸ್ಟ್ರಾಬೆರಿ ಮೊಸರು ಅಪ್ಪ ತಿಂದರು. ಶುಗರ್ ಬಗ್ಗೆ ಯಾರೂ ಮಾತಾಡಲಿಲ್ಲ.

ಮಣಿಪಾಲ್ ಮಳೆ ಹೇಳಿದ್ದೇ ಸರಿ. ಮೂರು ರಾತ್ರಿ ದೊಡ್ಡ ಡೈನಿಂಗ್ ರೂಮ್, ಒಂದು ರಾತ್ರಿ ಕೋಸ್ಟಲ್ ಕಿಚನ್. ಜರಿ ಪಂಚೆಗೆ ನಾಲ್ಕು ಫೋಟೋ ಬೇಡಿಕೆ ಬಂತು, ಅಪ್ಪ ಲೆಕ್ಕ ಇಟ್ಟಿದ್ದಾರೆ.

ಸುರತ್ಕಲ್ ಸುಮ್ನೆ:

ಅವಲಕ್ಕಿ ಎಷ್ಟು ತಗೊಂಡು ಹೋಗಿದ್ರಿ ಅಕ್ಕ?

ಕುಂಜಿಬೆಟ್ಟಿನವಳು:

ಎರಡು ಕೆ.ಜಿ. ಒಂದೂವರೆ ವಾಪಸ್ ಬಂತು, ಇವತ್ತೂ ಸಂಜೆ ಚಾಗೆ ಅದೇ.