ಗಂಡ ಹೆಂಡತಿಗೆ ಒಂದೇ ಹಾಸಿಗೆ ಹೊಂದುತ್ತಾ? ಫಿಸಿಯೋ ಮೇಡಂಗೆ ಪ್ರಶ್ನೆಗಳು

ನೀಲಿ ಛತ್ರಿ: ಮೇಡಂ, ನಾನು 52 ಕೆಜಿ, ನಮ್ಮ ಯಜಮಾನರು 94. ಅವರಿಗೆ ಸೊಂಟ ನೋವು, ಗಟ್ಟಿ ಹಾಸಿಗೆಯೇ ಬೇಕು ಅನ್ನುತ್ತಾರೆ. ನಾನು ಮಗ್ಗುಲಾಗಿ ಮಲಗುವವಳು. ಗಟ್ಟಿ ಇದ್ದರೆ ಬೆಳಗ್ಗೆ ಭುಜ ಜೋಮು ಹಿಡಿದಿರುತ್ತದೆ. ಮೆತ್ತಗಿದ್ದರೆ ರಾತ್ರಿಯೆಲ್ಲ ಅವರ ಕಡೆಗೇ ಜಾರುತ್ತೇನೆ. ಏನು ಮಾಡೋದು?

ಫಿಸಿಯೋ: ಇಬ್ಬರು ಹೇಳುವುದೂ ಸರಿ. ನಿಮಗೆ ಗಟ್ಟಿ ಅನ್ನಿಸುವ ಹಾಸಿಗೆಯಲ್ಲೇ ಅವರ ಸೊಂಟ ಕುಸಿಯಬಹುದು, ತೂಕ ಅಷ್ಟು ಬೇರೆ ಅಲ್ವಾ. ಮಗ್ಗುಲಾಗಿ ಮಲಗಿದರೆ ಭುಜ ಸ್ವಲ್ಪ ಒಳಗೆ ಇಳಿಯಬೇಕು. ಒಂದೇ ಮಂಚದ ಮೇಲೆ ಎರಡು ಸಿಂಗಲ್ ಹಾಸಿಗೆ ಹಾಕಿ, ಒಂದು ಗಟ್ಟಿ, ಒಂದು ಮೆತ್ತಗೆ. ಎತ್ತರ ಮಾತ್ರ ಒಂದೇ ಇರಲಿ. ಜಾರುವುದೂ ನಿಲ್ಲುತ್ತದೆ. ಒಂದೇ ದೊಡ್ಡದು ಬೇಕೆಂದರೆ ಪಾಕೆಟ್ ಸ್ಪ್ರಿಂಗ್ ನೋಡಿ. ಅದರಲ್ಲಿ ಪ್ರತಿ ಸ್ಪ್ರಿಂಗೂ ಬೇರೆ ಬೇರೆ ಬಟ್ಟೆ ಚೀಲದಲ್ಲಿರುತ್ತದೆ, ಅವರು ಹೊರಳಿದ್ದು ನಿಮ್ಮ ಕಡೆಗೆ ಅಷ್ಟು ಗೊತ್ತಾಗುವುದಿಲ್ಲ. ಗಟ್ಟಿ ಹಾಸಿಗೆಯನ್ನು 2 ಇಂಚಿನ ಟಾಪರ್, ಅಂದರೆ ಹಾಸಿಗೆ ಮೇಲೆ ಹಾಸುವ ತೆಳು ಮೆತ್ತೆ, ಹಾಕಿ ಮೆತ್ತಗೆ ಮಾಡಬಹುದು. ಕುಸಿದ ಹಾಸಿಗೆಯನ್ನು ಟಾಪರ್ ಎತ್ತುವುದಿಲ್ಲ.

ಅಂಗಡಿಯಲ್ಲಿ ಕೈಯಲ್ಲಿ ಒತ್ತಿ ನೋಡಿದರೆ ಏನೂ ತಿಳಿಯದು. ಇಬ್ಬರೂ ಒಟ್ಟಿಗೆ 15 ನಿಮಿಷ ಮಲಗಿ. ಅಂಗಾತ ಮಲಗಿದಾಗ ಸೊಂಟದ ಕೆಳಗೆ ಅಂಗೈ ತೂರಿಸಿ. ತಡೆಯೇ ಇಲ್ಲದೆ ಆಚೆ ಹೋದರೆ ಗಟ್ಟಿ ಜಾಸ್ತಿ. ತೂರಿಸಲೇ ಆಗದಿದ್ದರೆ ಮೆತ್ತಗೆ ಜಾಸ್ತಿ.

ಹಳೇ ಸೈಕಲ್: ಇಷ್ಟೆಲ್ಲ ಯಾಕೆ? ನನಗೆ ಬಂದ ಮೆಸೇಜ್ ಹಾಕುತ್ತಿದ್ದೇನೆ. “21 ದಿನ ಬರೀ ನೆಲದ ಮೇಲೆ ಮಲಗಿ, ಜಾರಿದ ಡಿಸ್ಕ್ ತಾನಾಗಿ ಒಳಗೆ ಹೋಗುತ್ತದೆ. ಎಲ್ಲರಿಗೂ ಕಳಿಸಿ.”

ಫಿಸಿಯೋ: ದಯವಿಟ್ಟು ಕಳಿಸಬೇಡಿ. ಡಿಸ್ಕ್ ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ನೆಲಕ್ಕೆ ಒತ್ತಿದರೆ ಅದು ಒಳಗೆ ಹೋಗುವುದಿಲ್ಲ. ಬಹಳ ದಿನದ ಸೊಂಟ ನೋವಿದ್ದ 313 ಜನರನ್ನು ಗಟ್ಟಿ ಮತ್ತು ಮಧ್ಯಮ ಗಟ್ಟಿ ಹಾಸಿಗೆಗಳಲ್ಲಿ 90 ದಿನ ಮಲಗಿಸಿ ನೋಡಿದ್ದಾರೆ, 2003ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಜಾಸ್ತಿ ಸುಧಾರಿಸಿದ್ದು ಮಧ್ಯಮ ಗಟ್ಟಿಯಲ್ಲಿ ಮಲಗಿದವರು.

ಬೆಳದಿಂಗಳು: ಮೆಮೊರಿ ಫೋಮ್ ಒಳ್ಳೆಯದಾ ಮೇಡಂ?

ಫಿಸಿಯೋ: ಕೆಲವರಿಗೆ ಹೊಂದುತ್ತದೆ. ಸೆಕೆ ಆಗಬಹುದು. ನಿಧಾನವಾಗಿ ಮೇಲೇಳುವ ಫೋಮ್ ಅದು, ಮಗ್ಗುಲು ಬದಲಿಸಲು ಕಷ್ಟಪಡುವವರಿಗೆ ಬೇಡ.

ಗುಬ್ಬಿಗೂಡು: ಹಳೆ ಹಾಸಿಗೆ ನಡುವೆ ಕುಸಿದಿದೆ, ಕೆಳಗೆ ಪ್ಲೈವುಡ್ ಹಾಕಿದರೆ ನಡೆಯುತ್ತಾ?

ಹಳೇ ಸೈಕಲ್: ನಮ್ಮ ತಾತ ಸಾಯುವ ತನಕ ನೆಲದ ಮೇಲೇ ಮಲಗಿದ್ದರು. ಒಂದು ದಿನ ಬೆನ್ನು ನೋವು ಅಂದಿಲ್ಲ.

ತಂಗಾಳಿ: ಇಂಥದ್ದೇ ಮೆಸೇಜ್ ನೋಡಿ ನಮ್ಮಮ್ಮ ನೆಲದ ಮೇಲೆ ಮಲಗಿದರು. ಮೂರನೇ ದಿನ ಬೆಳಗ್ಗೆ ಎರಡು ಕೈ ಊರಿ, ಗೋಡೆ ಹಿಡಿದು, ಆದರೂ ಏಳಲಾಗದೆ ನನ್ನನ್ನು ಕೂಗಿದರು. ನಿಮ್ಮ ತಾತನ ಮೈ ಬೇರೆ, ನಮ್ಮಮ್ಮನ ಮೈ ಬೇರೆ.

ಹಳೇ ಸೈಕಲ್: ಅಭ್ಯಾಸ ಇಲ್ಲದವರು ಮಲಗಿದರೆ ಹಾಗೇ. ಮೆಸೇಜಿನ ತಪ್ಪಲ್ಲ.

ತಂಗಾಳಿ: ಹಾಗಾದರೆ ಯಾರ ತಪ್ಪು? ಅಮ್ಮನದಾ?

ಮಳೆಹನಿ: ಮೇಡಂ, ನನ್ನ ಗಂಡನಿಗೆ 33. ಆರು ತಿಂಗಳಿಂದ ಬೆನ್ನು ನೋವು. ಎರಡು ಹಾಸಿಗೆ ಬದಲಿಸಿದೆವು. ನನಗೆ ಎರಡರಲ್ಲೂ ಚೆನ್ನಾಗಿ ನಿದ್ದೆ ಬಂತು, ಅವರು ಮಾತ್ರ ನಾಲ್ಕು ಗಂಟೆಗೆ ಎದ್ದು ಹಾಲ್‌ನಲ್ಲಿ ಓಡಾಡುತ್ತಾರೆ. ಓಡಾಡಿದ ಮೇಲೆ ಪರವಾಗಿಲ್ಲ ಅನ್ನುತ್ತಾರೆ. ಮೂರನೆಯದು ಯಾವುದು ತಗೊಳ್ಳಲಿ?

ಫಿಸಿಯೋ: ತಗೊಳ್ಳಬೇಡಿ, ಸ್ವಲ್ಪ ತಡೆಯಿರಿ. ಹಾಸಿಗೆಯಿಂದ ಬರುವ ನೋವು ಸಾಮಾನ್ಯವಾಗಿ ಎದ್ದು ಓಡಾಡಿದ ಸ್ವಲ್ಪ ಹೊತ್ತಿಗೇ ಇಳಿಯುತ್ತದೆ, ಬೇರೆ ಹಾಸಿಗೆಯಲ್ಲಿ ಮಲಗಿದರೆ ಕಡಿಮೆಯಾಗುತ್ತದೆ. ನಿಮ್ಮವರದು ಎರಡು ಹಾಸಿಗೆ ಬದಲಿಸಿದರೂ ಹೋಗಿಲ್ಲ, ಮೂರು ತಿಂಗಳು ದಾಟಿದೆ, ವಯಸ್ಸು ನಲವತ್ತರ ಒಳಗೆ, ಬೆಳಗಿನ ಜಾವ ಎಬ್ಬಿಸುತ್ತದೆ, ಮಲಗಿದಷ್ಟೂ ಜಾಸ್ತಿ, ನಡೆದರೆ ಕಡಿಮೆ. ಬೆನ್ನುಮೂಳೆಯ ಕೀಲುಗಳಲ್ಲಿ ಉರಿಯೂತ ಇದ್ದಾಗ ಹೀಗಾಗುತ್ತದೆ. ಇದೇ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಬೆಳಗ್ಗೆ ಬೆನ್ನು ಬಿಗಿದುಕೊಂಡ ಹಾಗೆ ಅರ್ಧ ಗಂಟೆಗಿಂತ ಜಾಸ್ತಿ ಇರುತ್ತಾ? ನೋವು ಒಮ್ಮೆ ಎಡ ಕುಂಡಿಗೆ, ಒಮ್ಮೆ ಬಲಕ್ಕೆ ಬರುತ್ತಾ? ಕಣ್ಣು ಕೆಂಪಾಗಿ, ಬೆಳಕು ನೋಡಲಾಗದೆ ನೋವು ಬಂದಿತ್ತಾ?

ಸಂಜೆಮಲ್ಲಿಗೆ: ಮೆಮೊರಿ ಫೋಮ್ ಬಗ್ಗೆ ಹೇಳಿ ಮೇಡಂ, ಅದು ಹೇಗೆ?

ಫಿಸಿಯೋ: ಮೇಲೆ ಓದಿ.

ಹಳೇ ಸೈಕಲ್: ಸುಮ್ನೆ ಹೆದರಿಸಬೇಡಿ. ಬೆನ್ನಿಗೆ ಬಿಸಿ ಇಟ್ಟಿಗೆ ಕಟ್ಟಿದರೆ ಮೂರು ದಿನದಲ್ಲಿ ಹೋಗುತ್ತದೆ ಅಂತ ಇನ್ನೊಂದು ಮೆಸೇಜ್ ಇದೆ.

ಫಿಸಿಯೋ: ಇಟ್ಟಿಗೆ ಕಟ್ಟಿ ಚರ್ಮ ಸುಟ್ಟುಕೊಂಡವರಿಗೆ ನಾನೇ ಚಿಕಿತ್ಸೆ ಕೊಟ್ಟಿದ್ದೇನೆ. ಇನ್ನೊಂದು ಮೆಸೇಜ್ ಹಾಕಿದರೆ ನಾನು ಇಲ್ಲಿ ಉತ್ತರಿಸುವುದಿಲ್ಲ. ಎಲ್ಲರಿಗೂ ಹೇಳುತ್ತಿದ್ದೇನೆ, ಬೆನ್ನು ನೋವಿನ ಜೊತೆ ಕಾಲಿನ ಬಲ ಹೋದರೆ, ಮೂತ್ರ ಹಿಡಿತಕ್ಕೆ ಸಿಗದಿದ್ದರೆ, ತೊಡೆಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ ಅದೇ ಗಳಿಗೆ ಆಸ್ಪತ್ರೆಗೆ ಹೋಗಿ.

ಗುಬ್ಬಿಗೂಡು: ಪ್ಲೈವುಡ್ ಬಗ್ಗೆ ಕೇಳಿದ್ದೆ...

ಮಳೆಹನಿ: ಈಗ ಅವರನ್ನೇ ಕೇಳಿದೆ ಮೇಡಂ. ಬೆಳಗ್ಗೆ ಎದ್ದ ಮೇಲೆ ಶೂ ಲೇಸ್ ಕಟ್ಟಲು ಬಗ್ಗುವಷ್ಟಾಗಲು ದಿನಾ ಒಂದು ಗಂಟೆ ಬೇಕಂತೆ, ಅದಕ್ಕೇ ಚಪ್ಪಲಿಯಲ್ಲೇ ಆಫೀಸಿಗೆ ಹೋಗುತ್ತಾರಂತೆ. ನನಗೆ ಗೊತ್ತೇ ಇರಲಿಲ್ಲ. ಕಣ್ಣು ಎರಡು ಸಲ ಕೆಂಪಾಗಿತ್ತು, ಡ್ರಾಪ್ಸ್ ಹಾಕಿ ಬಿಟ್ಟಿದ್ದರು.

ಫಿಸಿಯೋ: ಈ ವಾರವೇ ರುಮಟಾಲಜಿಸ್ಟ್‌ಗೆ, ಅಂದರೆ ಕೀಲು ಉರಿಯೂತ ನೋಡುವ ಡಾಕ್ಟರ್‌ಗೆ, ತೋರಿಸಿ. ಕಣ್ಣಿನ ವಿಷಯವನ್ನು ಮೊದಲೇ ಹೇಳಿ, ತಾನಾಗಿ ಯಾರೂ ಕೇಳದೇ ಇರಬಹುದು. ಎಕ್ಸ್‌ರೇ ಚೆನ್ನಾಗಿದೆ ಅಂದರೂ ಸುಮ್ಮನಾಗಬೇಡಿ, ಶುರುವಿನಲ್ಲಿ ಅದರಲ್ಲಿ ಕಾಣದೇ ಇರಬಹುದು. ಕಣ್ಣು ಮತ್ತೆ ಕೆಂಪಾದರೆ ಡ್ರಾಪ್ಸ್ ನೀವೇ ಹಾಕಬೇಡಿ, ಅವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.