ಹೆದ್ದಾರಿಯಲ್ಲಿ ಆಟೋ ಬ್ರೇಕ್: ಆನ್ ಇಡಬೇಕೋ, ಆಫ್ ಮಾಡಬೇಕೋ? ಬಳಸಿದವರು ಹೇಳಿ

ಹೊಸಗಾಡಿ:
ಎಲ್ಲರಿಗೂ ನಮಸ್ಕಾರ. ತಗೊಂಡ ಕಾರಿನಲ್ಲಿ ಆಟೋ ಬ್ರೇಕ್, ಅಂದರೆ ಗುದ್ದುವಂತಿದ್ದರೆ ಗಾಡಿ ತಾನೇ ಬ್ರೇಕ್ ಹಾಕುವ ಎಇಬಿ ಇದೆ. ವಾರಕ್ಕೆರಡು ಸಲ ಹೆದ್ದಾರಿ, ವೇಗ 100ರ ಆಸುಪಾಸು, ಒಂದು ಕಡೆಯ ಪ್ರಯಾಣ ರಾತ್ರಿ ಹೊತ್ತು. ಎಚ್ಚರಿಕೆಗೆ ಬೇಗ, ಮಧ್ಯಮ, ತಡ ಎಂಬ ಮೂರು ಆಯ್ಕೆ ಕೊಟ್ಟಿದ್ದಾರೆ. ಮನೆಯಲ್ಲಿ ಮಾತ್ರ "ಆಫ್ ಮಾಡಿಬಿಡು, ಅದು ಸುಮ್ಮಸುಮ್ಮನೆ ಹಿಡಿದರೆ ಹಿಂದಿನವರು ಬಂದು ಗುದ್ದುತ್ತಾರೆ" ಅಂತಿದ್ದಾರೆ. ಮುಂದೆ ಲಾರಿ ನಿಂತಿದ್ದರೆ ಇದು ಗಾಡಿ ನಿಲ್ಲಿಸುತ್ತದಾ? ಯಾವ ಆಯ್ಕೆ ಇಡಲಿ?

ಬ್ರೇಕ್‌ಬೆಂಚ್:
ಆನ್ ಇಡಿ. ಆದರೆ ಅದು ಗಾಡಿ ನಿಲ್ಲಿಸುತ್ತದೆ ಅಂದುಕೊಳ್ಳಬೇಡಿ, ಹೊಡೆತದ ವೇಗ ಇಳಿಸುತ್ತದೆ ಅಂದುಕೊಳ್ಳಿ. ಈ ವ್ಯತ್ಯಾಸ ತಲೆಗೆ ಹೋಗದೆ ಇರುವುದರಿಂದಲೇ ಅರ್ಧ ಜಗಳ ಹುಟ್ಟುವುದು.

100 ಕಿ.ಮೀ. ಅಂದರೆ ಸೆಕೆಂಡಿಗೆ 27.8 ಮೀಟರ್. ನಿರೀಕ್ಷೆಯೇ ಇಲ್ಲದ ಅಪಾಯಕ್ಕೆ ಮನುಷ್ಯನ ಕಾಲು ಬ್ರೇಕ್ ಮೇಲೆ ಬರಲು ಒಂದೂವರೆ ಸೆಕೆಂಡ್ ಹಿಡಿಯುತ್ತದೆ, ಅಷ್ಟರಲ್ಲಿ 42 ಮೀಟರ್ ಹೋಯಿತು. ಒಣ ರಸ್ತೆ, ಒಳ್ಳೆ ಟಯರ್ ಇದ್ದರೆ ಮೇಲೆ ಇನ್ನೊಂದು 50. ಒಟ್ಟು 92. ಒದ್ದೆ ರಸ್ತೆಯಲ್ಲಿ 120ರ ಹತ್ತಿರ.

ಎಇಬಿ ಪೂರ್ತಿ ಬ್ರೇಕ್ ಹಾಕುವುದು ಡಿಕ್ಕಿಗೆ ಸುಮಾರು 1.2 ಸೆಕೆಂಡ್ ಉಳಿದಾಗ ಅಂತ ಇಟ್ಟುಕೊಳ್ಳಿ. ನಿಂತ ಲಾರಿಗೆ ಆಗ 33 ಮೀಟರ್ ದೂರ. ವೇಗ ಪ್ರತಿ ಸೆಕೆಂಡಿಗೂ 9 ಮೀ/ಸೆ.ನಷ್ಟು ಇಳಿದರೂ 33 ಮೀಟರಿನಲ್ಲಿ ಗಾಡಿ ನಿಲ್ಲುವುದಿಲ್ಲ. 48 ಕಿ.ಮೀ.ಗೆ ಬಂದು ಗುದ್ದುತ್ತದೆ. 100ಕ್ಕೂ 48ಕ್ಕೂ ಶಕ್ತಿಯ ಲೆಕ್ಕದಲ್ಲಿ ನಾಲ್ಕು ಪಟ್ಟಿಗಿಂತ ಹೆಚ್ಚು ಅಂತರ. ಸಾಯುವುದಕ್ಕೂ ಸೀಟ್ ಬೆಲ್ಟ್, ಏರ್‌ಬ್ಯಾಗ್ ಕಾಪಾಡುವುದಕ್ಕೂ ಇರುವ ಅಂತರ ಅದು.

ಒದ್ದೆರಸ್ತೆ:
ಬ್ರೇಕ್‌ಬೆಂಚ್ ಅವರೇ, ಕಾಗದದ ಮೇಲೆ 48 ಬಂತು, ರಸ್ತೆ ಮೇಲೆ ಬರುವುದಿಲ್ಲ. ಬ್ರೇಕಿನಲ್ಲಿ ಒತ್ತಡ ಏರುವ ಸಮಯವನ್ನೇ ಬಿಟ್ಟಿದ್ದೀರಿ. ಇಎಸ್‌ಸಿ (ಗಾಡಿ ಜಾರದಂತೆ ಹಿಡಿಯುವ ವ್ಯವಸ್ಥೆ) ಪಂಪಿನಿಂದ ಒತ್ತಡ ಏರಿಸುವ ಗಾಡಿಯಲ್ಲಿ 0.3 ಸೆಕೆಂಡ್ ಹಿಡಿದರೂ 8 ಮೀಟರ್ ಹೋಯಿತು, ಉಳಿದದ್ದು 25. ಈಗ ಲೆಕ್ಕ ಹಾಕಿ: 65 ಕಿ.ಮೀ. ಒದ್ದೆ ರಸ್ತೆಯಲ್ಲಿ, ವೇಗ ಪ್ರತಿ ಸೆಕೆಂಡಿಗೆ 5 ಮೀ/ಸೆ.ನಷ್ಟೇ ಇಳಿಯುವ ಹಿಡಿತದಲ್ಲಿ, 82. 100ರಿಂದ 82ಕ್ಕೆ ಇಳಿದು ಲಾರಿ ಹಿಂಭಾಗಕ್ಕೆ ನುಗ್ಗಿದರೆ ಯಾವ ಏರ್‌ಬ್ಯಾಗೂ ಉಪಯೋಗಕ್ಕೆ ಬರುವುದಿಲ್ಲ.

ಸೆನ್ಸರ್ ಏನೇ ಹೇಳಲಿ, ಕೊನೆಗೆ ಗಾಡಿ ಹಿಡಿಯುವುದು ಅಂಗೈ ಅಗಲದ ನಾಲ್ಕು ರಬ್ಬರ್ ತುಂಡು. ಗೀರುಗಳ ಆಳ 3 ಮಿ.ಮೀ.ಗೆ ಇಳಿದಾಗಲೇ ಟಯರ್ ಬದಲಿಸಿ, ಕಾನೂನಿನ 1.6ಕ್ಕೆ ಕಾಯಬೇಡಿ. ನಾಲ್ಕೂ ಒಂದೇ ಬಗೆಯದಿರಲಿ. ಗಾಳಿಯನ್ನು ಟಯರ್ ತಣ್ಣಗಿದ್ದಾಗ ನೋಡಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಎಇಬಿ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಬೋಳು ಟಯರಿನಲ್ಲಿ ಓಡಿಸುವುದನ್ನು ಕಂಡರೆ ಸಿಟ್ಟು ಬರುತ್ತದೆ.

ಬ್ರೇಕ್‌ಬೆಂಚ್:
0.3 ಸೆಕೆಂಡ್ ಬಿಟ್ಟದ್ದು ನನ್ನ ತಪ್ಪು, ಒಪ್ಪಿದೆ. ಆದರೆ ಅರ್ಧ ಲೆಕ್ಕ ನೀವೂ ಹೇಳಿದ್ದೀರಿ. ಪೂರ್ತಿ ಬ್ರೇಕಿಗೆ ಮುಂಚೆಯೇ ಎರಡು ಹಂತ ನಡೆದಿರುತ್ತದೆ. ಎಚ್ಚರಿಕೆ ಹೊಡೆಯುವಾಗಲೇ ಪ್ಯಾಡು ಡಿಸ್ಕಿಗೆ ತಾಗುವಷ್ಟು ಒತ್ತಡ ತುಂಬಿಸಿಡುತ್ತದೆ, ಆಮೇಲೆ ಸಣ್ಣದಾಗಿ ಹಿಡಿಯುತ್ತದೆ. ಬ್ರೇಕಿನ ಒತ್ತಡ ಹೆಚ್ಚಿಸಲು ಎಲೆಕ್ಟ್ರಿಕ್ ಮೋಟಾರಿನ ಬೂಸ್ಟರ್ ಇದ್ದರೆ ಪಂಪಿಗಿಂತ ಎಷ್ಟೋ ಬೇಗ. ಹಾಗಾಗಿ ಸತ್ಯ 48ಕ್ಕೂ 65ಕ್ಕೂ ನಡುವೆ ಎಲ್ಲೋ ಇದೆ. 82 ಅಂತ ಹೆದರಿಸಿದರೆ ಜನ ಆಫ್ ಮಾಡುತ್ತಾರೆ, ಆಗ ಅದೇ ರಸ್ತೆಯಲ್ಲಿ 100ಕ್ಕೇ ಗುದ್ದುತ್ತಾರೆ.

ಆಫ್‌ಮಾಡಿದವ:
ನಾನು ಆಫ್ ಮಾಡಿಯೇ ಓಡಿಸುವುದು, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಕಾರಣ ಬರೆಯುತ್ತೇನೆ, ಓದಿ ಆಮೇಲೆ ಬೈಯಿರಿ.

ಎಇಬಿಗೆ ಮುಂದಿನದನ್ನು ತೋರಿಸುವ ರಾಡಾರಿಗೆ ನಿಂತ ಲಾರಿಯೂ ಒಂದೇ, ಸೇತುವೆ ಕಮಾನೂ ಒಂದೇ, ರಸ್ತೆ ಮೇಲಿನ ಕಬ್ಬಿಣದ ತಟ್ಟೆಯೂ ಒಂದೇ. ಎಲ್ಲವೂ ನಿಮ್ಮ ವೇಗದಲ್ಲೇ ನಿಮ್ಮ ಕಡೆ ಬರುತ್ತಿರುವಂತೆ ಕಾಣುತ್ತವೆ. ಅಡ್ಡಕ್ಕೆ, ಎತ್ತರಕ್ಕೆ ಬಿಡಿಸಿ ನೋಡುವ ಶಕ್ತಿ ಹಳೆ ರಾಡಾರುಗಳಿಗೆ ಕಡಿಮೆ. ಅದಕ್ಕೇ ವೇಗದಲ್ಲಿ ಓಡುವಾಗ ನಿಂತ ವಸ್ತುಗಳನ್ನು ಸೋಸಿ ಬಿಟ್ಟುಬಿಡುವಂತೆ ಬರೆದಿರುತ್ತಾರೆ. ಸೋಸಿದರೆ ಲಾರಿ ತಪ್ಪುತ್ತದೆ, ಸೋಸದಿದ್ದರೆ ಸುಳ್ಳು ಬ್ರೇಕ್ ಬೀಳುತ್ತದೆ. ಸುಳ್ಳು ಬ್ರೇಕ್ ಬೀಳುವ ಜಾಗಗಳೂ ಗೊತ್ತಿರುವವೇ: ತಿರುವಿನ ಹೊರಬದಿ ನಿಂತ ಗಾಡಿ, ಏರಿನ ತುದಿಯಲ್ಲಿ ಕಾಣುವ ಮೇಲ್ಫಲಕ, ಮುಂದಿನವನು ಪಕ್ಕದ ದಾರಿಗೆ ಇಳಿಯುತ್ತಾ ಬಾಲ ಇನ್ನೂ ನಮ್ಮ ಲೇನಿನಲ್ಲಿ ಬಿಟ್ಟಿರುವಾಗ.

2018ರಲ್ಲಿ ಕ್ಯಾಲಿಫೋರ್ನಿಯಾದ ಕಲ್ವರ್ ಸಿಟಿಯಲ್ಲಿ ಟೆಸ್ಲಾ ಕಾರು ನಿಂತಿದ್ದ ಅಗ್ನಿಶಾಮಕ ವಾಹನಕ್ಕೆ ಗುದ್ದಿತಲ್ಲ, ಅಲ್ಲೂ ಇದೇ. ಮುಂದಿದ್ದ ಗಾಡಿ ಲೇನ್ ಬದಲಿಸಿತು, ಹಿಂದೆ ಮರೆಯಾಗಿದ್ದ ವಾಹನ ತಟ್ಟನೆ ಎದುರಾಯಿತು, ದಾರಿ ಖಾಲಿ ಅಂತ ಕ್ರೂಸ್ (ವೇಗವನ್ನು ತಾನೇ ನೋಡಿಕೊಳ್ಳುವ ವ್ಯವಸ್ಥೆ) ವೇಗ ಏರಿಸಿತು. ಆಟೋ ಬ್ರೇಕ್ ಬೀಳಲೇ ಇಲ್ಲ.

ಗಾಜಿನಕೆಲಸ:
ನೀವು ಹೇಳುವುದು ರಾಡಾರ್ ಒಂದೇ ಇದ್ದ ಕಾಲದ ಮಾತು. ಈಗ ಬಹುಪಾಲು ಗಾಡಿಯಲ್ಲಿ ಕ್ಯಾಮೆರಾ ಲಾರಿ ಎಂದು ಗುರುತಿಸಿ ರಾಡಾರಿನ ದೂರದ ಜೊತೆ ಕೂಡಿಸುತ್ತದೆ. ಸುಳ್ಳು ಬ್ರೇಕ್ ಪದೇ ಪದೇ ಬೀಳುತ್ತಿದ್ದರೆ ಆಫ್ ಮಾಡುವ ಮೊದಲು ಕ್ಯಾಮೆರಾ, ರಾಡಾರಿನ ಅಳತೆ ಸರಿ ಇದೆಯಾ ನೋಡಿಸಿ. ಹತ್ತರಲ್ಲಿ ಎಷ್ಟು ಜನ ನೋಡಿಸುತ್ತಾರೆ?

ಕ್ಯಾಮೆರಾ ಒಂದು ಡಿಗ್ರಿ ತಿರುಗಿದರೆ 100 ಮೀಟರ್ ದೂರದಲ್ಲಿ ನೋಟ 1.75 ಮೀಟರ್ ಸರಿಯುತ್ತದೆ. ಮೂರೂವರೆ ಮೀಟರ್ ಲೇನಿನಲ್ಲಿ ಅದು ಅರ್ಧ ಲೇನ್. ಪಕ್ಕದ ಲೇನಿನ ಗಾಡಿಗೆ ಬ್ರೇಕ್ ಹಾಕಿತು ಅಂತ ಕಂಪನಿಯನ್ನು ಬೈಯುತ್ತೀರಿ. ಮುಂದಿನ ಗಾಜು ಬದಲಿಸಿದ ಮೇಲೆ ಕ್ಯಾಲಿಬ್ರೇಷನ್, ಅಂದರೆ ಕ್ಯಾಮೆರಾ ನೋಟವನ್ನು ಮತ್ತೆ ಸರಿಹೊಂದಿಸುವುದು, ಮಾಡಿಸಿರುವುದಿಲ್ಲ.

ಮಾಡಿಸುವ ಕ್ರಮ ಹೇಳುತ್ತೇನೆ, ಅಂಗಡಿಯವರು ಒಂದು ಹಂತ ಹಾರಿಸಿದರೂ ಕೇಳಿ. ಮೊದಲು ಗಾಜು. ಕ್ಯಾಮೆರಾ ಎದುರಿನ ಭಾಗ ಅಲೆಅಲೆಯಾಗಿರಬಾರದು, ಕ್ಯಾಮೆರಾ ಹಿಡಿಯುವ ಬ್ರಾಕೆಟ್ ಗಾಜಿಗೆ ನೇರವಾಗಿ ಅಂಟಿರಬೇಕು, ಆ ಜಾಗಕ್ಕೆ ಟಿಂಟ್ ಫಿಲಂ ಬರಲೇಬಾರದು. ಅಂಟು ಪೂರ್ತಿ ಗಟ್ಟಿಯಾಗುವವರೆಗೆ ಕ್ಯಾಲಿಬ್ರೇಷನ್ ಮುಟ್ಟಬಾರದು. ಆಮೇಲೆ ವೀಲ್ ಅಲೈನ್‌ಮೆಂಟ್, ಸ್ಟೀರಿಂಗ್ ಸೆನ್ಸರ್ ಸೊನ್ನೆಗೆ ತರುವುದು. ಇದನ್ನು ಬಿಟ್ಟರೆ ಮುಂದಿನ ಕೆಲಸವೆಲ್ಲ ದಂಡ, ಏಕೆಂದರೆ ಗಾಡಿ ಯಾವ ಕಡೆ ಹೋಗುತ್ತಿದೆ ಎಂಬ ಆಧಾರವೇ ತಪ್ಪು. ಟಯರ್ ಗಾಳಿ ಸರಿ ಇರಬೇಕು, ಡಿಕ್ಕಿಯಲ್ಲಿ ಸಾಮಾನು ಇರಬಾರದು, ನೆಲ ಸಮತಟ್ಟಾಗಿರಬೇಕು. ಆ ಮೇಲೆ ಗುರಿ ಹಲಗೆ, ಅಂದರೆ ಕ್ಯಾಮೆರಾ ನೋಡಿ ಅಳತೆ ಹೊಂದಿಸಿಕೊಳ್ಳುವ ಗುರುತಿನ ಹಲಗೆ. ಅದರ ದೂರವನ್ನು ಬಂಪರಿನಿಂದ ಕಣ್ಣಂದಾಜಿಗೆ ಇಡುವುದಲ್ಲ, ಪುಸ್ತಕದಲ್ಲಿ ಕೊಟ್ಟ ಬಿಂದುವಿನಿಂದ ಅಳೆಯಬೇಕು. ಕೆಲವು ಮಾಡೆಲ್ಲಿಗೆ ಇದರ ನಂತರ ಗೆರೆ ಸ್ಪಷ್ಟ ಇರುವ ರಸ್ತೆಯಲ್ಲಿ ಓಡಿಸಿ ಮುಗಿಸುವ ಹಂತವೂ ಇದೆ.

ರಾಡಾರ್ ಇರುವುದು ಬಂಪರ್ ಅಥವಾ ಲೋಗೋ ಹಿಂದೆ. 77 ಗಿಗಾಹರ್ಟ್ಸ್ ಅಲೆಯ ಉದ್ದ 4 ಮಿ.ಮೀ.ಗಿಂತ ಸ್ವಲ್ಪ ಕಡಿಮೆ, ಹಾಗಾಗಿ ಬಂಪರಿಗೆ ತುಂಬಿದ ಪುಟ್ಟಿ, ಎರಡು ಮೂರು ಪದರ ಮೆಟಾಲಿಕ್ ಬಣ್ಣ, ಮೇಲಿನ ಸ್ಟಿಕ್ಕರ್ ಎಲ್ಲವೂ ಅದನ್ನು ಕೆಡಿಸುತ್ತವೆ. ಎದುರಿಗೆ ಕಬ್ಬಿಣದ ಗಾರ್ಡ್ ಕಟ್ಟಿಸಿದರೆ ಮುಗಿಯಿತು. ಇನ್ನೊಂದು: ಡಿಕ್ಕಿ ತುಂಬ ಭಾರ ಹೇರಿದರೆ ಮೂತಿ ಮೇಲೇಳುತ್ತದೆ, ರಾಡಾರ್ ಮುಂದಿನ ಕಾರಿನ ತಲೆ ಮೇಲಿಂದ ನೋಡುತ್ತದೆ. ಎಷ್ಟೋ ಸಲ ಡ್ಯಾಶ್‌ಬೋರ್ಡಿನಲ್ಲಿ ದೀಪವೂ ಹತ್ತುವುದಿಲ್ಲ.

ಆಫ್‌ಮಾಡಿದವ:
ಅಂದರೆ ಒಂದು ಕಲ್ಲು ಸಿಡಿದು ಗಾಜು ಹೋದರೆ ಇಷ್ಟೆಲ್ಲ ಮಾಡಿಸಬೇಕು. ಮಾಡಿದ್ದು ಸರಿಯೋ ತಪ್ಪೋ ನನಗೆ ತಿಳಿಯುವುದೂ ಇಲ್ಲ. ನನ್ನ ವಾದವನ್ನೇ ನೀವು ಗಟ್ಟಿ ಮಾಡಿದಿರಿ ಸರ್.

ಗಾಜಿನಕೆಲಸ:
ಕನ್ನಡಕ ಒಡೆದರೆ ಕಣ್ಣು ಮುಚ್ಚಿಕೊಂಡು ಓಡಿಸುತ್ತೀರಾ? ಹೊಸದು ಹಾಕಿಸಿ ನಂಬರ್ ನೋಡಿಸುತ್ತೀರಿ. ಮುದ್ರಿತ ವರದಿ ಕೇಳಿ: ಮೊದಲು ಎಷ್ಟು ಡಿಗ್ರಿ ಇತ್ತು, ಆಮೇಲೆ ಎಷ್ಟಾಯಿತು. ವರದಿ ಕೊಡದ ಕಡೆ ಕೆಲಸ ಕೊಡಬೇಡಿ. ಇದಕ್ಕಿಂತ ಸರಳವಾಗಿ ನನಗೆ ಹೇಳಲು ಬರುವುದಿಲ್ಲ.

ಹದಿನಾರುಚಕ್ರ:
ಲಾರಿ ಕಡೆಯಿಂದಲೂ ಯಾರಾದರೂ ಹೇಳಬೇಕಲ್ಲ. "ಹಿಂದಿನವರು ಗುದ್ದುತ್ತಾರೆ" ಅಂದಿರಿ, ಆ ಹಿಂದಿನವರು ನಾವು.

ಇಬ್ಬರೂ 80ರಲ್ಲಿದ್ದೇವೆ, ಅಂದರೆ ಸೆಕೆಂಡಿಗೆ 22 ಮೀಟರ್. ಕಾರಿನ ಎಇಬಿ ಪೂರ್ತಿ ಹಿಡಿದರೆ 27 ಮೀಟರಿನಲ್ಲಿ ನಿಲ್ಲುತ್ತದೆ, ಲೋಡ್ ಲಾರಿಗೆ 50 ಬೇಕು. ಅಲ್ಲೇ 23 ಮೀಟರ್ ಅಂತರ. ಚಾಲಕನ ಒಂದೂವರೆ ಸೆಕೆಂಡಿಗೆ 33. ಏರ್ ಬ್ರೇಕಿನಲ್ಲಿ ಗಾಳಿ ಪೈಪುಗಳಲ್ಲಿ ಹರಿದು ಚೇಂಬರ್ ತುಂಬುವುದಕ್ಕೆ ಅರ್ಧ ಸೆಕೆಂಡ್, 11 ಮೀಟರ್. ಕೂಡಿಸಿದರೆ 67, ಅಂದರೆ ಸುಮಾರು ಮೂರು ಸೆಕೆಂಡಿನ ಅಂತರ. ಎರಡು ಸೆಕೆಂಡ್ ಸಾಕು ಅಂತ ಹೇಳಿಕೊಡುವ ನಿಯಮ ಇಲ್ಲಿ ಸಾಲುವುದಿಲ್ಲ.

ಹಾಗಾದರೆ ಎಇಬಿ ತಪ್ಪಾ? ಅಲ್ಲ. ಯುರೋಪಿನಲ್ಲಿ 2015ರ ನವೆಂಬರಿನಿಂದ ಹೊಸ ಭಾರಿ ಲಾರಿಗಳಿಗೇ ಇದು ಕಡ್ಡಾಯ. 40 ಟನ್ನಿನ ಲಾರಿ 80ರಲ್ಲಿ ಹೊತ್ತಿರುವ ಶಕ್ತಿ, ಒಂದೂವರೆ ಟನ್ನಿನ ಕಾರು 100ರಲ್ಲಿ ಹೊತ್ತಿರುವುದರ 17 ಪಟ್ಟು. ಮೊದಲು ಬೇಕಾದದ್ದು ನಮಗೇ. ಜೊತೆಗೆ ಲೋಡ್ ಸರಿಯಾಗಿ ಕಟ್ಟಿರಬೇಕು. ಎಇಬಿ ಹಿಡಿದಾಗ ಕಟ್ಟದ ಪೈಪು ಕ್ಯಾಬಿನ್ ಸೀಳಿಕೊಂಡು ಬರುತ್ತದೆ.

ಒದ್ದೆರಸ್ತೆ:
ಮೂರು ಸೆಕೆಂಡ್ ಬಿಟ್ಟರೆ ನಡುವೆ ಒಬ್ಬ ತೂರಿಕೊಳ್ಳುತ್ತಾನೆ. ಹೇಳುವುದು ಸುಲಭ.

ಹದಿನಾರುಚಕ್ರ:
ತೂರಲಿ ಬಿಡಿ. ಒಬ್ಬ ತೂರಿದರೆ ನೀವು ಹಿಂದೆ ಸರಿಯಬೇಕಾದದ್ದು ಎರಡು ಮೂರು ಸೆಕೆಂಡ್. ಗಂಟೆಗೆ ಹತ್ತು ಜನ ತೂರಿದರೂ ಅರ್ಧ ನಿಮಿಷ ನಷ್ಟ. ಅರ್ಧ ನಿಮಿಷಕ್ಕೆ ಜೀವ ಒತ್ತೆ ಇಡುತ್ತೀರಾ? ಈ ವಾದ ಕೇಳಿ ಕೇಳಿ ಸಾಕಾಗಿದೆ.

ರಾತ್ರಿನೋಟ:
ಪ್ರಶ್ನೆ ಕೇಳಿದವರು ರಾತ್ರಿ ಪ್ರಯಾಣ ಅಂದರು, ಒಬ್ಬರೂ ಅದನ್ನು ಮುಟ್ಟಲಿಲ್ಲ. ಚಾಲಕ "ತಡವಾಗಿ" ಬ್ರೇಕ್ ಹಾಕುವುದು ಸೋಮಾರಿತನದಿಂದಲ್ಲ, ಮುಂದಿನದು ನಿಂತಿದೆ ಎಂದು ಕಣ್ಣಿಗೇ ತಡವಾಗಿ ಗೊತ್ತಾಗುವುದರಿಂದ.

ಮುಂದಿನ ವಸ್ತು ಹತ್ತಿರವಾಗುತ್ತಿದೆ ಅಂತ ಗೊತ್ತಾಗುವುದು ಅದು ಕಣ್ಣಿನಲ್ಲಿ ಅಗಲವಾಗುವ ವೇಗದಿಂದ. ಆ ವೇಗ ಸೆಕೆಂಡಿಗೆ ಸುಮಾರು 0.003 ರೇಡಿಯನ್ (ಒಂದು ಡಿಗ್ರಿಯ ಆರನೇ ಒಂದು ಭಾಗದಷ್ಟು ಕೋನ) ದಾಟುವವರೆಗೆ "ಮುಂದೊಂದು ಗಾಡಿ ಇದೆ" ಅಷ್ಟೇ ಅನಿಸುತ್ತದೆ. ಹಗಲಲ್ಲಿ ಎರಡೂವರೆ ಮೀಟರ್ ಅಗಲದ ನಿಂತ ಲಾರಿ, ನಮ್ಮ ವೇಗ 100: 150 ಮೀಟರಿನಲ್ಲಿ ಗೊತ್ತಾಗುತ್ತದೆ. ರಾತ್ರಿ ಎರಡು ಹಿಂದೀಪ ಉರಿಯುತ್ತಿದ್ದರೆ 135. 60 ಸೆಂ.ಮೀ. ಅಗಲವಷ್ಟೇ ಕಾಣುವ ವಸ್ತುವಾದರೆ 75 ಮೀಟರ್, ನಿಲ್ಲಲು ಬೇಕಾದದ್ದು 92. ಒಂದೇ ದೀಪ ಉರಿಯುವ ಲಾರಿಗೆ ಅಗಲವೇ ಇಲ್ಲ. ದೂರದಲ್ಲಿ ಹೋಗುತ್ತಿರುವ ಬೈಕ್ ಅಂತ ತಿಳಿದು ವೇಗ ಇಳಿಸದೆ ಹೋಗುತ್ತೀರಿ. ದೀಪವೇ ಇಲ್ಲದಿದ್ದರೆ ಡಿಮ್ ಬೆಳಕು ಮುಟ್ಟುವ 50-60 ಮೀಟರಿನವರೆಗೆ ಕತ್ತಲೆ. ಕ್ಯಾಮೆರಾಗೂ ಕತ್ತಲೆಯೇ. ಎದುರು ಗಾಡಿ ಇಲ್ಲದಾಗ ಹೈ ಬೀಮ್ ಹಾಕಿ, ಇದ್ದಾಗ ವೇಗ 70-80ಕ್ಕೆ ಇಳಿಸಿ.

ಎಚ್ಚರಿಕೆ "ಬೇಗ" ಎಂಬಲ್ಲೇ ಇಡಿ. ಬಹಳಷ್ಟು ಗಾಡಿಯಲ್ಲಿ ಆ ಆಯ್ಕೆ ಬೀಪ್ ಹೊಡೆಯುವ ಹೊತ್ತನ್ನು ಮಾತ್ರ ಬದಲಿಸುತ್ತದೆ, ಬ್ರೇಕ್ ಬೀಳುವುದನ್ನಲ್ಲ. ಒಂದು ಸೆಕೆಂಡ್ ಮುಂಚೆ ಬೀಪ್ ಬಂದರೆ ನಿಮಗೆ 28 ಮೀಟರ್ ಸಿಕ್ಕಿತು.

ಆಫ್‌ಮಾಡಿದವ:
ಅಷ್ಟು ಹತ್ತಿರ ಬಂದ ಮೇಲೆ ಬ್ರೇಕಿಗಿಂತ ಸ್ಟೀರಿಂಗ್ ಒಳ್ಳೆಯದು. ಎರಡು ಮೀಟರ್ ಪಕ್ಕಕ್ಕೆ ಸರಿಯಲು 100ರಲ್ಲಿ 25 ಮೀಟರ್ ಸಾಕು, ನಿಲ್ಲಲು 50 ಬೇಕು. ಎಇಬಿ ಕೊನೆವರೆಗೆ ಕಾಯುವುದೂ ಅದಕ್ಕೇ, ಚಾಲಕ ತಿರುಗಿಸಬಹುದು ಅಂತ.

ಬ್ರೇಕ್‌ಬೆಂಚ್:
ಇದನ್ನು ಓದಿ ಯಾರೂ ಪಾಲಿಸಬೇಡಿ, ದಯವಿಟ್ಟು. ಲೆಕ್ಕ ಸರಿ, ಸಲಹೆ ಅಪಾಯ. ಆ 25 ಮೀಟರ್ ಒಣ ರಸ್ತೆಯಲ್ಲಿ, ಬೆಚ್ಚಿಬೀಳದ ಕೈಗೆ, ಪಕ್ಕದ ಲೇನ್ ಖಾಲಿ ಇದ್ದಾಗ. ತಿರುಗಿಸಿದವನು ಮತ್ತೆ ನೇರ ಮಾಡಲೂಬೇಕು, ಗಾಡಿ ಉರುಳುವುದು ಅಲ್ಲೇ. ಇನ್ನೂ ಕೆಟ್ಟದ್ದು: ಸ್ಟೀರಿಂಗ್ ಜೋರಾಗಿ ಎಳೆದರೆ ಅಥವಾ ಆಕ್ಸಿಲರೇಟರ್ ಒತ್ತಿದರೆ ಚಾಲಕನೇ ತೀರ್ಮಾನ ತಗೊಂಡ ಅಂತ ತಿಳಿದು ಎಇಬಿ ಬಿಟ್ಟುಬಿಡುತ್ತದೆ. ಅರ್ಧ ತಿರುಗಿಸಿ, ಅರ್ಧ ಹಿಡಿದು, ಎರಡೂ ಇಲ್ಲದೆ ಗುದ್ದುತ್ತೀರಿ.

ತಟ್ಟನೆ ಕಾಲಿಟ್ಟಾಗ ಪೂರ್ತಿ ಒತ್ತಡವನ್ನು ತಾನೇ ಕೊಡುವ ಬ್ರೇಕ್ ಅಸಿಸ್ಟ್ ಅಂತ 1996ರಲ್ಲಿ ಮರ್ಸಿಡಿಸ್ ತಂದದ್ದೇಕೆ? ಸಿಮ್ಯುಲೇಟರಿನಲ್ಲಿ ಕೂರಿಸಿ ನೋಡಿದಾಗ ಜನ ಬೇಗ ಕಾಲಿಡುತ್ತಾರೆ, ಸಾಕಷ್ಟು ಒತ್ತುವುದಿಲ್ಲ ಅಂತ ತಿಳಿದದ್ದರಿಂದ. ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಕೆಲಸ ಮಾಡಿ ಪೆಡಲ್ ಅದುರಿದ ಕೂಡಲೇ ಏನೋ ಮುರಿಯಿತು ಅಂತ ಕಾಲು ಸಡಿಲಿಸುವವರೂ ಇದ್ದಾರೆ. ಅದುರಲಿ, ಒದ್ದಂತೆ ಒತ್ತಿ, ಒತ್ತಿಯೇ ಇಡಿ. ಖಾಲಿ ಜಾಗದಲ್ಲಿ 50ರ ವೇಗದಿಂದ ನಾಲ್ಕೈದು ಸಲ ಹೀಗೆ ಹಾಕಿ ನೋಡಿ, ಆ ಅದುರು ಕಾಲಿಗೆ ಪರಿಚಯವಾಗಲಿ.

ಹೊಸಗಾಡಿ:
ಆನ್ ಇಟ್ಟಿದ್ದೇನೆ, ಎಚ್ಚರಿಕೆ "ಬೇಗ"ಕ್ಕೆ ಬದಲಿಸಿದೆ. ಒಂದೇ ಅನುಮಾನ: ಹಿಂದಿನವರಿಗೆ ಗೊತ್ತಾಗುವುದು ಹೇಗೆ?

ಹದಿನಾರುಚಕ್ರ:
ನಿಮ್ಮ ಕೈಪಿಡಿಯಲ್ಲಿ ತುರ್ತು ನಿಲುಗಡೆ ಸೂಚನೆ ಅಂತ ಇದೆಯಾ ನೋಡಿ. ಇದ್ದರೆ 50ಕ್ಕಿಂತ ಹೆಚ್ಚಿನ ವೇಗದಲ್ಲಿ ಜೋರಾಗಿ ಹಿಡಿದಾಗ ದೀಪಗಳು ಸೆಕೆಂಡಿಗೆ ನಾಲ್ಕು ಸಲದಂತೆ ಪಟಪಟ ಮಿನುಗುತ್ತವೆ. ನಮ್ಮ ಎತ್ತರದಿಂದ ಅದು ಚೆನ್ನಾಗಿ ಕಾಣುತ್ತದೆ. ಇಲ್ಲದಿದ್ದರೆ ನಿಂತ ತಕ್ಷಣ ಹಜಾರ್ಡ್ ಒತ್ತಿ.

ಎಇಬಿ ನಿಲ್ಲಿಸಿತು ಅಂತ ಕಾಲು ತೆಗೆಯಬೇಡಿ. ಎಷ್ಟೋ ಗಾಡಿಯಲ್ಲಿ ಅದು ಎರಡು ಸೆಕೆಂಡ್ ಹಿಡಿದು ಬ್ರೇಕ್ ಬಿಟ್ಟುಬಿಡುತ್ತದೆ, ಆಟೋಮ್ಯಾಟಿಕ್ ಗೇರ್ ಆಗಿದ್ದರೆ ಗಾಡಿ ತಾನಾಗಿ ಮುಂದಕ್ಕೆ ತೆವಳುತ್ತದೆ. ಬ್ರೇಕ್ ಒತ್ತಿಯೇ ಹಿಂಗನ್ನಡಿ ನೋಡಿ, ಮುಂದೆ ಜಾಗ ಇದ್ದರೆ ಸ್ಟೀರಿಂಗ್ ರಸ್ತೆ ಅಂಚಿನ ಕಡೆ ತಿರುಗಿಸಿಡಿ.